ಓದುಗರ ಪ್ರಶ್ನೆ: ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಅಪಘಾತ ತಡೆಯಲು ಮೊದಲು ಏನು ಮಾಡಬೇಕು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಅಕ್ಕಿ ಗಿರಣಿಯೊಂದರಲ್ಲಿ ಗೋದಾಮಿನ ಮೇಲ್ವಿಚಾರಕ. ನಮ್ಮಲ್ಲಿ 3 ಟನ್ ಸಾಮರ್ಥ್ಯದ ಡೀಸೆಲ್ ಫೋರ್ಕ್‌ಲಿಫ್ಟ್ ಇದೆ. ಡ್ರೈವರ್ ಅನುಭವಸ್ಥರು, ಹಾರ್ನ್ ಹೊಡೆಯದೆ ತಿರುಗಿಸುವುದಿಲ್ಲ, ಜೋರಾಗಿಯೂ ಓಡಿಸುವುದಿಲ್ಲ. ಆದರೂ ಸುಗ್ಗಿಯ ದಿನಗಳಲ್ಲಿ ಗಾಡಿ ಹಮಾಲರಿಗೆ ಇನ್ನೇನು ತಾಗಿತು ಎನ್ನುವಂಥ ಸಂದರ್ಭ ಮೇಲಿಂದ ಮೇಲೆ ಬರುತ್ತಿದೆ. ನಾವು ಮೊದಲು ಏನು ಮಾಡಬೇಕು? ಗಾಡಿಯ ಮುಂದೆ ನೆಲದ ಮೇಲೆ ಚುಕ್ಕೆ ಬೀಳಿಸುವ ನೀಲಿ ದೀಪ ಹಾಕಿಸಿದರೆ ಸಾಕೇ?

ಉತ್ತರ: ಮೊದಲು ಮಾಡಬೇಕಾದ ಕೆಲಸವೆಂದರೆ ಜನ ನಡೆಯುವ ದಾರಿಯನ್ನೂ ಗಾಡಿ ಓಡುವ ದಾರಿಯನ್ನೂ ಬೇರ್ಪಡಿಸುವುದು. ದಾರಿ ಬೇರ್ಪಡಿಸುವಷ್ಟು ಜಾಗವಿಲ್ಲದಿದ್ದರೆ ಹೊತ್ತನ್ನಾದರೂ ಬೇರ್ಪಡಿಸಬೇಕು. ಅಂದರೆ ಗೋದಾಮಿನ ಒಂದು ಅಂಕಣದಲ್ಲಿ (ಭಾಗದಲ್ಲಿ) ಹಮಾಲರು ಕೆಲಸ ಮಾಡುತ್ತಿರುವಷ್ಟು ಕಾಲ ಗಾಡಿ ಅಲ್ಲಿಗೆ ಹೋಗಬಾರದು, ಗಾಡಿ ಕೆಲಸ ಮಾಡುವಾಗ ಅಲ್ಲಿ ಯಾರೂ ಇರಬಾರದು. ದೀಪ, ಹಾರ್ನ್, ಕನ್ನಡಿ, ಫಲಕ ಎಲ್ಲವೂ ಇದರ ನಂತರ ಬರುವ ಸಹಾಯಗಳು.

ನಿಮ್ಮ ಡ್ರೈವರ್ ಎಚ್ಚರದಿಂದ ಇರುವುದು ಸಂತೋಷದ ಸಂಗತಿ. ಆದರೆ ಹಮಾಲರ ಸ್ಥಿತಿಯನ್ನು ಒಮ್ಮೆ ಗಮನಿಸಿ. ಬೆನ್ನಿನ ಮೇಲೆ 75 ಕೆಜಿಯ ಭತ್ತದ ಚೀಲ ಹೊತ್ತು ಬಾಗಿ ನಡೆಯುವ ಮನುಷ್ಯನಿಗೆ ತನ್ನ ಹೆಜ್ಜೆಯ ಮುಂದಿನ ಸ್ವಲ್ಪ ನೆಲ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾರ್ನ್ ಕೇಳಿಸಿದರೂ ಅವನು ಕತ್ತು ತಿರುಗಿಸಲಾರ, ಚಟ್ಟನೆ ಪಕ್ಕಕ್ಕೆ ಸರಿಯಲಾರ. ಗಿರಣಿಯ ಸದ್ದು, ಅಂಗಳದಲ್ಲಿ ಸಾಲುಗಟ್ಟಿದ ಲಾರಿಗಳ ಹಾರ್ನ್ ಇವುಗಳ ನಡುವೆ ನಿಮ್ಮ ಗಾಡಿಯ ಹಾರ್ನ್ ಯಾವುದು, ಅದು ಯಾವ ದಿಕ್ಕಿನಿಂದ ಬಂತು ಎಂದು ತಿಳಿಯುವುದೂ ಕಷ್ಟ. ಚೀಲಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ ಪಡೆಯುವವರು ಗಾಡಿ ಹೋಗಲೆಂದು ನಿಂತರೆ ಅಷ್ಟು ಹೊತ್ತಿನ ಸಂಪಾದನೆ ಕಳೆದುಕೊಳ್ಳುತ್ತಾರೆ. ಹೀಗಿರುವಾಗ ಸುರಕ್ಷತೆಯ ಹೊಣೆಯನ್ನು ಹಾರ್ನಿನ ಮೇಲೂ ಹಮಾಲರ ಕಿವಿಯ ಮೇಲೂ ಹಾಕುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಹೊಣೆ ಗೋದಾಮಿನ ವ್ಯವಸ್ಥೆ ಮಾಡುವವರದು.

ಬೇರ್ಪಡಿಸುವ ಕೆಲಸವನ್ನು ಒಂದು ಹಾಳೆಯ ಮೇಲೆ ಗೋದಾಮಿನ ನಕ್ಷೆ ಬರೆಯುವುದರಿಂದ ಆರಂಭಿಸಬಹುದು. ಚೀಲಗಳ ಸಾಲುಗಳು, ಬಾಗಿಲುಗಳು, ತೂಕದ ಜಾಗ, ಕುಡಿಯುವ ನೀರು, ಶೌಚಾಲಯ, ಲಾರಿ ನಿಲ್ಲುವ ಸ್ಥಳ ಇವನ್ನೆಲ್ಲ ಗುರುತಿಸಿ, ಜನ ನಡೆಯುವ ದಾರಿಗೆ ಒಂದು ಬಣ್ಣ, ಗಾಡಿಯ ದಾರಿಗೆ ಇನ್ನೊಂದು ಬಣ್ಣ ಎಳೆದರೆ ಎರಡೂ ಎಲ್ಲೆಲ್ಲಿ ಒಂದನ್ನೊಂದು ಕತ್ತರಿಸುತ್ತವೆ ಎಂಬುದು ಕಣ್ಣಿಗೆ ಕಾಣುತ್ತದೆ. ಆ ಕತ್ತರಿಗಳನ್ನು ಕಡಿಮೆ ಮಾಡುವುದೇ ನಿಮ್ಮ ಕೆಲಸ. ಜನರಿಗೊಂದು ಬಾಗಿಲು, ಗಾಡಿಗೊಂದು ಬಾಗಿಲು ಮೀಸಲಿಡಬಹುದು. ನೀರಿನ ಕೊಡವನ್ನು ಗಾಡಿಯ ದಾರಿಯಿಂದಾಚೆ ಇಡಬಹುದು. ಗಿರಣಿಯ ನೆಲದ ಮೇಲೆ ತೌಡು ಮತ್ತು ದೂಳು ಸದಾ ಕೂರುವುದರಿಂದ ಹಳದಿ ಪಟ್ಟಿ ಬಳಿದು ಸುಮ್ಮನಾದರೆ ಕೆಲವೇ ವಾರಗಳಲ್ಲಿ ಅದು ಮಾಯವಾಗುತ್ತದೆ. ಕಬ್ಬಿಣದ ಪೈಪಿನ ಗಟ್ಟಿ ಕಟಕಟೆ ಹಾಕಿಸಿ. ಅದು ದೂಳಿಗೂ ಅಳಿಯುವುದಿಲ್ಲ, ಓದು ಬಾರದವರಿಗೂ ಅರ್ಥವಾಗುತ್ತದೆ.

ಇಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ಒಂದು ಮಾತು ಹೇಳಬೇಕು. ರಾಯಚೂರು, ಬಳ್ಳಾರಿ, ಕೊಪ್ಪಳದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಮಾಲು ತಂದ ರೈತರು, ಲಾರಿಯ ಡ್ರೈವರು ಮತ್ತು ಕ್ಲೀನರುಗಳು ನೆರಳನ್ನು ಹುಡುಕಿಕೊಂಡು ಗೋದಾಮಿನೊಳಗೆ ಬಂದು ಕೂರುತ್ತಾರೆ. ಕೆಲವರು ಲಾರಿಯ ನೆರಳಲ್ಲೇ ಮಲಗುತ್ತಾರೆ. ಅವರಿಗೆ ನಿಮ್ಮ ನಿಯಮಗಳು ತಿಳಿದಿರುವುದಿಲ್ಲ. ‘ಒಳಗೆ ಪ್ರವೇಶವಿಲ್ಲ’ ಎಂಬ ಫಲಕಕ್ಕಿಂತ ಅಂಗಳದಾಚೆ ಒಂದು ಚಪ್ಪರ, ಕೂರಲು ಕಟ್ಟೆ, ತಣ್ಣನೆಯ ಕುಡಿಯುವ ನೀರು ಇದ್ದರೆ ಅವರು ತಾವಾಗಿಯೇ ಹೊರಗಿರುತ್ತಾರೆ. ಈ ಖರ್ಚನ್ನು ಸುರಕ್ಷತೆಯ ಖರ್ಚೆಂದೇ ಮಾಲೀಕರಿಗೆ ವಿವರಿಸಿ ಮಂಜೂರು ಮಾಡಿಸಿಕೊಳ್ಳಿ.

ಅದೇ ಬಿಸಿಲು ಡ್ರೈವರನ ಕಣ್ಣಿಗೂ ಅಡ್ಡಿಯಾಗುತ್ತದೆ. ಝಳಝಳಿಸುವ ಅಂಗಳದಿಂದ ಮಬ್ಬುಗತ್ತಲಿನ ಗೋದಾಮಿಗೆ ಗಾಡಿ ನುಗ್ಗಿದಾಗ ಕಣ್ಣು ಆ ಕತ್ತಲಿಗೆ ಹೊಂದಿಕೊಳ್ಳಲು ಕಾಲ ಬೇಕು; ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷಗಳೇ ಹಿಡಿಯುತ್ತವೆ, ಮೊದಲ ಕೆಲವು ಕ್ಷಣಗಳಲ್ಲಂತೂ ಬಾಗಿಲ ಪಕ್ಕದಲ್ಲಿ ನಿಂತ ಮನುಷ್ಯನೂ ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಬಾಗಿಲಿನಲ್ಲಿ ಗಾಡಿ ಪೂರ್ತಿ ನಿಂತು ಆಮೇಲೆ ಒಳಗೆ ಹೋಗಬೇಕೆಂಬ ಗೆರೆ ಹಾಕಿಸಿ. ಒಳಗಿನ ಮೊದಲ ಅಂಕಣದಲ್ಲಿ ಉಳಿದ ಕಡೆಗಿಂತ ಹೆಚ್ಚು ಬೆಳಕು ಇರಲಿ, ಛಾವಣಿಯಲ್ಲಿ ಅಲ್ಲಲ್ಲಿ ಬೆಳಕು ಬಿಡುವ ಪಾರದರ್ಶಕ ಶೀಟುಗಳಿರಲಿ. ಇದ್ದ ಶೀಟುಗಳ ಮೇಲಿನ ದೂಳು ಒರೆಸಿದರೂ ಗೋದಾಮಿನ ಬೆಳಕು ಎಷ್ಟೋ ಹೆಚ್ಚುತ್ತದೆ.

‘ಜೋರಾಗಿ ಓಡಿಸುವುದಿಲ್ಲ’ ಎಂದಿರಿ. ಗಂಟೆಗೆ 10 ಕಿಲೋಮೀಟರ್ ವೇಗ ರಸ್ತೆಯಲ್ಲಿ ಬಹಳ ಕಡಿಮೆ. ಗೋದಾಮಿನಲ್ಲಿ ಅದು ಸೆಕೆಂಡಿಗೆ ಸುಮಾರು 2.8 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ, ಬ್ರೇಕ್ ಹಿಡಿಯುವ ಮೊದಲೇ ಗಾಡಿ ಅಷ್ಟು ದೂರ ಸಾಗಿರುತ್ತದೆ. 3 ಟನ್ ಎತ್ತುವ ಡೀಸೆಲ್ ಫೋರ್ಕ್‌ಲಿಫ್ಟ್ ಖಾಲಿಯಿದ್ದಾಗಲೇ 4 ಟನ್ನಿಗೂ ಹೆಚ್ಚು ತೂಗುತ್ತದೆ ಎಂಬುದನ್ನೂ ನೆನಪಿಡಿ. ವೇಗವನ್ನು ಅರ್ಧಕ್ಕಿಳಿಸಿದರೆ ಡಿಕ್ಕಿಯ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಸಂಗತಿ: ಈ ಗಾಡಿ ಹಿಂದಿನ ಚಕ್ರಗಳಿಂದ ತಿರುಗುತ್ತದೆ. ಮುಂಭಾಗ ಎಡಕ್ಕೆ ಹೊರಳುವಾಗ ಹಿಂಭಾಗ ಬಲಕ್ಕೆ ಬೀಸಿಕೊಂಡು ಹೋಗುತ್ತದೆ. ಗಾಡಿಯ ಪಕ್ಕದಲ್ಲಿ, ಚೀಲಗಳ ಸಾಲಿಗೆ ಬೆನ್ನು ಕೊಟ್ಟು ನಿಂತವನು ತಾನು ದಾರಿ ಬಿಟ್ಟಿದ್ದೇನೆ ಎಂದುಕೊಂಡಿರುತ್ತಾನೆ. ಆ ಬೀಸಿಗೆ ಸಿಕ್ಕಿಬೀಳುವವನು ಅವನೇ. ಹಮಾಲರಿಗೆ ತರಬೇತಿ ಕೊಡುವಾಗ ಬೇರೆಲ್ಲಕ್ಕಿಂತ ಮೊದಲು ಇದನ್ನು ಖಾಲಿ ಅಂಗಳದಲ್ಲಿ ಗಾಡಿ ತಿರುಗಿಸಿ ತೋರಿಸಿ.

ಜನರಿಗೆ ತಾಗುವುದರ ಜೊತೆಗೆ ಗಾಡಿ ಮಗುಚುವುದೂ ಜೀವ ತೆಗೆಯುವ ಅಪಘಾತವೇ. ಫೋರ್ಕ್‌ಲಿಫ್ಟ್ ತಕ್ಕಡಿಯಂತೆ ಕೆಲಸ ಮಾಡುತ್ತದೆ: ಮುಂದಿನ ಚಕ್ರಗಳು ನಡುವಿನ ಆಧಾರ, ಒಂದು ಬದಿಗೆ ಹೊರೆ, ಇನ್ನೊಂದು ಬದಿಗೆ ಗಾಡಿಯದೇ ತೂಕ. ಗಾಡಿಯ ಫಲಕದಲ್ಲಿ ಬರೆದ 3 ಟನ್ ಎಂಬುದು ಹೊರೆಯ ಭಾರಕೇಂದ್ರವು ಫೋರ್ಕಿನ (ಹೊರೆ ಎತ್ತುವ ಮುಂದಿನ ಕವಲುಗಳ) ಬುಡದಿಂದ 500 ಮಿಲಿಮೀಟರ್ ದೂರದಲ್ಲಿದ್ದರೆ ಮಾತ್ರ ಸಲ್ಲುವ ಲೆಕ್ಕ. 25 ಕೆಜಿಯ 60 ಅಕ್ಕಿ ಚೀಲಗಳಿರುವ ಪ್ಯಾಲೆಟ್ (ಚೀಲ ಪೇರಿಸುವ ಅಡಿಹಲಗೆ) 1,500 ಕೆಜಿ ತೂಗುತ್ತದೆ. ಎರಡನ್ನು ಒಂದರ ಮೇಲೊಂದು ಇಟ್ಟರೆ 3,000 ಕೆಜಿ, ಮಿತಿಯೊಳಗೇ ಇದೆ ಎನಿಸುತ್ತದೆ. ಆದರೆ ಪ್ಯಾಲೆಟ್ಟಿನ 1,200 ಮಿಲಿಮೀಟರ್ ಉದ್ದಕ್ಕೆ ಫೋರ್ಕ್ ಚಾಚುವಂತೆ ಎತ್ತಿದರೆ ಭಾರಕೇಂದ್ರ 600 ಮಿಲಿಮೀಟರಿಗೆ ಸರಿಯುತ್ತದೆ. ಮುಂದಿನ ಅಚ್ಚಿನಿಂದ ಫೋರ್ಕಿನ ಬುಡಕ್ಕೆ ಸುಮಾರು ಅರ್ಧ ಮೀಟರ್ ಎಂದು ಹಿಡಿದರೆ ಆಗ ಗಾಡಿಯ ಸಾಮರ್ಥ್ಯ ಸುಮಾರು 2,700 ಕೆಜಿಗೆ ಇಳಿಯುತ್ತದೆ. ಇದು ವಿಷಯ ತಿಳಿಯಲೆಂದು ಹಾಕಿದ ಲೆಕ್ಕ. ನಿಮ್ಮ ಗಾಡಿಯ ನಿಜವಾದ ಮಿತಿಗೆ ತಯಾರಕರ ಫಲಕವೇ ಪ್ರಮಾಣ. ಹೊರೆಯನ್ನು ಇಕ್ಕಳದಂತೆ ಹಿಡಿಯುವ ಕ್ಲ್ಯಾಂಪ್ ಮುಂತಾದ ಹೆಚ್ಚಿನ ಜೋಡಣೆ ಹಾಕಿದರೂ, ಹೊರೆಯನ್ನು ಬಹಳ ಎತ್ತರಕ್ಕೆ ಎತ್ತಿದರೂ ಮಿತಿ ಇನ್ನೂ ಇಳಿಯುತ್ತದೆ. ಫಲಕ ಅಳಿಸಿಹೋಗಿದ್ದರೆ ಹೊಸದನ್ನು ತರಿಸಿ ಹಾಕಿಸುವ ತನಕ ಭಾರದ ಕೆಲಸ ಮಾಡಿಸಬೇಡಿ.

ಪಕ್ಕಕ್ಕೆ ಮಗುಚುವುದಕ್ಕೆ ಕಾರಣ ಬೇರೆ. ಹಿಂದಿನ ಅಚ್ಚು ನಡುವೆ ಒಂದೇ ಕಡೆ ಕೀಲುಗೊಂಡಿರುವುದರಿಂದ, ನಾಲ್ಕು ಚಕ್ರಗಳಿದ್ದರೂ ಗಾಡಿ ನಿಂತಿರುವುದು ಮುಂದಿನ ಎರಡು ಚಕ್ರ ಮತ್ತು ಆ ಕೀಲು ಎಂಬ ಮೂರು ಬಿಂದುಗಳ ತ್ರಿಕೋನದ ಮೇಲೆ. ಒಟ್ಟು ಭಾರದ ಕೇಂದ್ರ ಆ ತ್ರಿಕೋನದೊಳಗೆ ಇರುವಷ್ಟು ಹೊತ್ತು ಗಾಡಿ ನಿಲ್ಲುತ್ತದೆ. ಹೊರೆಯನ್ನು ಎತ್ತರದಲ್ಲೇ ಹಿಡಿದು ತಿರುಗಿಸಿದರೆ, ಇಳಿಜಾರಿನಲ್ಲಿ ಅಡ್ಡ ತಿರುಗಿಸಿದರೆ, ಒಂದು ಚಕ್ರ ಗುಂಡಿಗೆ ಇಳಿದರೆ ಆ ಕೇಂದ್ರ ತ್ರಿಕೋನದ ಹೊರಗೆ ಜಾರುತ್ತದೆ. ಆದ್ದರಿಂದ ಸಾಗುವಾಗ ಫೋರ್ಕ್ ನೆಲದಿಂದ 15ರಿಂದ 20 ಸೆಂಟಿಮೀಟರ್ ಮಾತ್ರ ಮೇಲಿರಬೇಕು, ಮಾಸ್ಟ್ (ಫೋರ್ಕ್ ಮೇಲೆ ಕೆಳಗೆ ಸರಿಯುವ ನೆಟ್ಟನೆಯ ಚೌಕಟ್ಟು) ಹಿಂದಕ್ಕೆ ವಾಲಿರಬೇಕು. ಹೊರೆಯಿಂದ ಎದುರು ಕಾಣದಿದ್ದರೆ ಹಿಮ್ಮುಖವಾಗಿ ಓಡಿಸಬೇಕು. ಇಳಿಜಾರಿನಲ್ಲಿ ಹೊರೆ ಯಾವಾಗಲೂ ಏರಿನ ಕಡೆಗಿರಬೇಕು: ಏರುವಾಗ ಮುಮ್ಮುಖ, ಇಳಿಯುವಾಗ ಹಿಮ್ಮುಖ. ಗಾಡಿ ಖಾಲಿಯಿದ್ದರೆ ಇದಕ್ಕೆ ವಿರುದ್ಧವಾಗಿ ಫೋರ್ಕ್ ಇಳಿಜಾರಿನ ಕೆಳಗಿನ ಕಡೆಗಿರಬೇಕು.

ಗಾಡಿ ಮಗುಚತೊಡಗಿದಾಗ ಜಿಗಿಯಬೇಕೆನ್ನುವುದು ಮನುಷ್ಯನ ಸಹಜ ಪ್ರವೃತ್ತಿ, ಆ ಪ್ರವೃತ್ತಿಯೇ ಕೊಲ್ಲುತ್ತದೆ. ಜಿಗಿದವನು ಸಾಮಾನ್ಯವಾಗಿ ಗಾಡಿ ಬೀಳುವ ಕಡೆಗೇ ಬಿದ್ದು, ಮೇಲಿನ ರಕ್ಷಣಾ ಚೌಕಟ್ಟಿನ ಕೆಳಗೆ ಸಿಲುಕುತ್ತಾನೆ. ಸೀಟಿನಲ್ಲೇ ಕೂತು, ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಕಾಲುಗಳನ್ನು ಊರಿ, ಬೀಳುತ್ತಿರುವ ದಿಕ್ಕಿಗೆ ವಿರುದ್ಧವಾಗಿ ವಾಲಬೇಕು. ಆ ಒಂದೆರಡು ಕ್ಷಣಗಳಲ್ಲಿ ಇದೆಲ್ಲ ಹೊಳೆಯುವುದಿಲ್ಲ, ಆದ್ದರಿಂದ ಸೀಟ್ ಬೆಲ್ಟ್ ಬೇಕು. ಸೆಕೆಯಲ್ಲಿ ಬೆಲ್ಟ್ ಹಿಂಸೆ, ಮೇಲಿಂದ ಮೇಲೆ ಇಳಿದು ಹತ್ತುವ ಕೆಲಸ ಎಂದು ಡ್ರೈವರುಗಳು ಹೇಳುವುದರಲ್ಲಿ ಸತ್ಯವಿದೆ. ಸೀಟಿನ ಬಳಿ ಫ್ಯಾನ್ ಹಾಕಿಸಿ, ಮಧ್ಯಾಹ್ನದ ಉರಿಯಲ್ಲಿ ವಿರಾಮ ಹೆಚ್ಚಿಸಿ, ಆದರೆ ಬೆಲ್ಟಿನ ವಿಷಯದಲ್ಲಿ ರಿಯಾಯಿತಿ ಬೇಡ.

ಮೇಲಿನ ಚೀಲ ಇಳಿಸಲು ಫೋರ್ಕಿನ ಮೇಲೆ ಅಥವಾ ಪ್ಯಾಲೆಟ್ಟಿನ ಮೇಲೆ ಮನುಷ್ಯನನ್ನು ನಿಲ್ಲಿಸಿ ಎತ್ತುವ ರೂಢಿಯಿದ್ದರೆ ಇಂದೇ ನಿಲ್ಲಿಸಿ. ಎತ್ತಿದ ಫೋರ್ಕಿನ ಕೆಳಗೆ ಹಾದುಹೋಗುವುದೂ ಅಷ್ಟೇ ಅಪಾಯಕಾರಿ.

ಲಾರಿಗೆ ಮಾಲು ತುಂಬುವ ಜಾಗದಲ್ಲಿ ಇನ್ನೊಂದು ಬಗೆಯ ಅಪಘಾತ ಕಾದಿರುತ್ತದೆ: ಗಾಡಿಯ ಮುಂಚಕ್ರ ಲಾರಿಯ ಮೇಲೆ ಇರುವಾಗಲೇ ಲಾರಿ ಮುಂದಕ್ಕೆ ಚಲಿಸುವುದು. ತುಂಬುವುದು ಮುಗಿಯುವವರೆಗೆ ಲಾರಿಯ ಕೀಲಿಕೈ ನಿಮ್ಮ ಆಫೀಸಿನ ಗೂಟದಲ್ಲಿ ನೇತಾಡುತ್ತಿರಲಿ, ಚಕ್ರಗಳಿಗೆ ಮರದ ಅಡೆ ಕೊಟ್ಟಿರಲಿ, ಲಾರಿಯ ಡ್ರೈವರ್ ಚಪ್ಪರದಲ್ಲಿ ಕೂತಿರಲಿ. ನಿಮ್ಮದು ಡೀಸೆಲ್ ಗಾಡಿಯಾದ್ದರಿಂದ ಬಾಗಿಲು ಮುಚ್ಚಿದ ಗೋದಾಮಿನಲ್ಲಿ ಬಹಳ ಹೊತ್ತು ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ರಾಯಚೂರಿನ ಹತ್ತಿ ಗೋದಾಮುಗಳಲ್ಲಿ ಈ ಗಾಡಿ ಬಳಸುವವರಿಗೆ ಹೊಗೆ ಕೊಳವೆಯಿಂದ ಹಾರುವ ಕಿಡಿಯ ಭಯವೂ ಇರುವುದರಿಂದ ಕಿಡಿ ತಡೆಯುವ ಸಾಧನ ಅಗತ್ಯ.

ದಿನದ ಮೊದಲ ಕೆಲಸಕ್ಕೆ ಮುಂಚೆ ಬ್ರೇಕ್, ಸ್ಟೇರಿಂಗ್, ಹಾರ್ನ್, ಟೈರ್, ಫೋರ್ಕಿನ ಬಿರುಕು, ಮಾಸ್ಟಿನ ಚೈನು, ಎಣ್ಣೆ ಸೋರಿಕೆ ಇವನ್ನು ನೋಡಿ ಡ್ರೈವರ್ ಪುಸ್ತಕದಲ್ಲಿ ಸಹಿ ಮಾಡಬೇಕು. ದೋಷವಿದೆ ಎಂದು ಅವರು ಬರೆದರೆ ಲಾರಿಗಳು ಎಷ್ಟೇ ಕಾದಿರಲಿ, ಗಾಡಿ ನಿಲ್ಲಿಸುವ ಅಧಿಕಾರವೂ ಅವರಿಗಿರಬೇಕು. ನಿಲ್ಲಿಸಿದ ಗಾಡಿಯ ಫೋರ್ಕ್ ನೆಲಕ್ಕೆ ತಾಗಿರಬೇಕು, ಕೀಲಿಕೈ ಗಾಡಿಯಲ್ಲಿ ಉಳಿಯಬಾರದು. ಟ್ರ್ಯಾಕ್ಟರ್ ಓಡಿಸಿ ಬಲ್ಲೆ ಎಂದು ಯಾರೋ ಹತ್ತಿ ಕೂರುವುದು ಆಗಲೇ. ಅನುಭವವಿದ್ದರೂ ಮರುಪರೀಕ್ಷೆ ಬೇಕು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ ಕನಿಷ್ಠ 3 ವರ್ಷಕ್ಕೊಮ್ಮೆ ಚಾಲಕರ ಕೆಲಸವನ್ನು ಮತ್ತೆ ಪರೀಕ್ಷಿಸಬೇಕೆಂದಿದೆ; ನಾವೂ ಆ ಪದ್ಧತಿ ಇಟ್ಟುಕೊಳ್ಳಬಹುದು.

ಕಾನೂನಿನ ದೃಷ್ಟಿಯಿಂದಲೂ ಹೊಣೆ ಯಾರದೆಂಬುದು ಸ್ಪಷ್ಟವಾಗಿದೆ. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿಸಿದ 7ಎ ಕಲಮು ಕಾರ್ಮಿಕರ ಸುರಕ್ಷತೆಯನ್ನು ಕಾರ್ಖಾನೆ ನಡೆಸುವವರ ಕರ್ತವ್ಯವನ್ನಾಗಿ ಮಾಡಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲೂ ಉದ್ಯೋಗದಾತರ ಮೇಲೆ ಅದೇ ಕರ್ತವ್ಯವಿದೆ. ಹಮಾಲರು ಗುತ್ತಿಗೆಯವರು, ನಮ್ಮವರಲ್ಲ ಎಂಬ ಮಾತು ಅಪಘಾತವಾದ ದಿನ ಯಾರನ್ನೂ ಕಾಯುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ಒಂದು ಅಮೂಲ್ಯ ಮಾಹಿತಿಯಿದೆ: ‘ಇನ್ನೇನು ತಾಗಿತು’ ಎನ್ನುವ ಸಂದರ್ಭಗಳು. ಅವನ್ನು ಬರೆದಿಡಿ. ಎಷ್ಟು ಗಂಟೆಗೆ, ಯಾವ ಬಾಗಿಲ ಬಳಿ, ಗಾಡಿ ಮುಂದಕ್ಕೆ ಹೋಗುತ್ತಿತ್ತೋ ಹಿಂದಕ್ಕೋ, ಬೆಳಕು ಹೇಗಿತ್ತು ಎಂದಷ್ಟೇ ಸಾಕು. ಯಾರ ತಪ್ಪು ಎಂಬ ಅಂಕಣ ಆ ಪುಸ್ತಕದಲ್ಲಿ ಇರಬಾರದು, ಇದ್ದರೆ ಎರಡನೇ ವಾರದಿಂದ ಯಾರೂ ಹೇಳುವುದಿಲ್ಲ. ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಯಾವ ಮೂಲೆಗೆ ಕಟಕಟೆ ಬೇಕು, ಯಾವ ಹೊತ್ತಿನಲ್ಲಿ ಗಾಡಿ ನಿಲ್ಲಿಸಬೇಕು ಎಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ.

ಇನ್ನು ನೀಲಿ ದೀಪ. ಗಾಡಿ ಬರುವ ದಾರಿಯಲ್ಲಿ ಕೆಲವು ಮೀಟರ್ ಮುಂದೆ ನೆಲದ ಮೇಲೆ ನೀಲಿ ಚುಕ್ಕೆ ಬೀಳಿಸುವ ಈ ದೀಪವನ್ನು ಖಂಡಿತ ಹಾಕಿಸಿ. ಬಾಗಿ ನಡೆಯುವ ಹಮಾಲರ ಕಣ್ಣು ನೆಲದ ಮೇಲೇ ಇರುವುದರಿಂದ ಗೋದಾಮಿನ ಮಬ್ಬಿನಲ್ಲಿ ಹಾರ್ನಿಗಿಂತ ಇದು ಬೇಗ ಅವರನ್ನು ತಲುಪುತ್ತದೆ. ಹಿಂದಕ್ಕೂ ಒಂದು ದೀಪವಿರಲಿ. ಆದರೆ ಹಗಲಿನ ಅಂಗಳದಲ್ಲಿ, ನಮ್ಮ ಬಿಸಿಲಿನ ಕೆಳಗೆ, ಆ ಚುಕ್ಕೆ ಕಾಣುವುದೇ ಇಲ್ಲ. ಅಲ್ಲಿ ಕಟಕಟೆಯೇ ಬೇಕು, ಮತ್ತು ಲಾರಿ ತುಂಬುವ ಹೊತ್ತಿನಲ್ಲಿ ಗಾಡಿಗೆ ಕೈಸನ್ನೆಯಿಂದ ದಾರಿ ತೋರಿಸುವ ಒಬ್ಬ ತರಬೇತಾದ ಮನುಷ್ಯ ಬೇಕು. ಅವನಿಗೆ ಆ ಹೊತ್ತಿನಲ್ಲಿ ಬೇರೆ ಯಾವ ಕೆಲಸವನ್ನೂ ಹೇಳಬೇಡಿ.