ಉಳಿಯನ್ನು ಮಗುಚಿ ನೋಡಿ

ಹಳೆಯ ಉಳಿ, ಮರ ನುಣುಪು ಮಾಡುವ ಉಜ್ಜುಗೊರಡುಗಳನ್ನು ಅಗ್ಗಕ್ಕೆ ಹುಡುಕಿಕೊಂಡು ಹೋಗುವವರಲ್ಲಿ ಹೆಚ್ಚಿನವರು ಅಲಗಿನ ತಪ್ಪು ಮೈಯನ್ನು ನೋಡಿ ದುಡ್ಡು ಕೊಡುತ್ತಾರೆ. ನನ್ನ ಸಾಣೆ ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ. ಕೇಳಿಸಿಕೊಂಡು ತಲೆಯಾಡಿಸಿ ಹೋದವರೇ ಮುಂದಿನ ಸಂಡೆ ಬಜಾರ್ (ಭಾನುವಾರದ ಹಳೆ ಸಾಮಾನಿನ ಸಂತೆ) ಮುಗಿದ ಮೇಲೆ ಅದೇ ಬಗೆಯ ಇನ್ನೊಂದನ್ನು ತಂದು ಮೇಜಿನ ಮೇಲಿಡುತ್ತಾರೆ. ಯಾವ ಅಳತೆಯ ಉಳಿ ಯಾವ ಕೆಲಸಕ್ಕೆ, ಚೌಕಾಸಿ ಹೇಗೆ ಮಾಡಬೇಕು ಎಂಬುದೆಲ್ಲ ಕೊಳ್ಳುವವರಿಗೆ ಗೊತ್ತಿರುತ್ತದೆ ಎಂದು ಭಾವಿಸಿ, ಇದೊಂದೇ ಸಂಗತಿಯನ್ನು ಇಲ್ಲಿ ಸ್ವಲ್ಪ ಎಳೆದು ಬರೆಯುತ್ತೇನೆ.

ಉಳಿಗೆ ಎರಡು ಮೈಗಳಿವೆ. ಒಂದು, ತುದಿಯಲ್ಲಿ 25 ರಿಂದ 30 ಡಿಗ್ರಿ ಓರೆಯಾಗಿ ಇಳಿಯುವ ಮೈ; ಇನ್ನೊಂದು, ಹಿಡಿಯವರೆಗೂ ಚಪ್ಪಟೆಯಾಗಿ ಸಾಗುವ ಹಿಂಬದಿ. ಈ ಎರಡೂ ಬಂದು ಸೇರುವ ಗೆರೆಯೇ ಉಳಿಯ ಬಾಯಿ. ಓರೆ ಮೈಯನ್ನು ಪ್ರತಿ ಸಲ ಮಸೆದಾಗಲೂ ನಾವು ಹೊಸದಾಗಿ ಮಾಡುತ್ತೇವೆ, ಆದ್ದರಿಂದ ಅದು ಇಂದು ಎಷ್ಟೇ ಕೆಟ್ಟಿದ್ದರೂ ಚಿಂತೆಯಿಲ್ಲ. ಅರ್ಧ ಗಂಟೆಯ ಕೆಲಸದಲ್ಲಿ ಸರಿಹೋಗುತ್ತದೆ. ಹಿಂಬದಿಯ ಮಾತು ಹಾಗಲ್ಲ. ಅಲ್ಲಿ ತುಕ್ಕು ತಿಂದು ಸಣ್ಣ ಗುಳಿ ಬಿದ್ದಿದ್ದರೆ, ಓರೆ ಮೈಯನ್ನು ನೀವು ಕನ್ನಡಿಯಂತೆ ಮಸೆದರೂ ಬಾಯಿಯ ಗೆರೆ ಆ ಗುಳಿಗೆ ಬಂದು ತಾಗಿದಲ್ಲೆಲ್ಲ ಕಚ್ಚು ಉಳಿಯುತ್ತದೆ. ಮಸೆದಷ್ಟೂ ಬಾಯಿ ಹಿಂದಕ್ಕೆ ಸರಿಯುತ್ತದೆ, ಸರಿದಲ್ಲಿ ಇನ್ನೊಂದು ಗುಳಿ ಕಾದಿರುತ್ತದೆ. ಇಂಥ ಅಲಗನ್ನು ಉಜ್ಜುಗೊರಡಿಗೆ ಹಾಕಿ ತೇಗದ ಹಲಗೆಯ ಮೇಲೆ ಓಡಿಸಿದರೆ ಉದ್ದಕ್ಕೂ ಕೂದಲೆಳೆಯಂಥ ಗೀರುಗಳು ಏಳುತ್ತವೆ. ಗಿರಾಕಿ ಆಗ ನನ್ನ ಸಾಣೆ ಸರಿಯಿಲ್ಲ ಎನ್ನುತ್ತಾನೆ.

ಹಿಂಬದಿಯನ್ನೂ ಕಲ್ಲಿನ ಮೇಲೆ ಉಜ್ಜಿ ಗುಳಿ ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ತೆಗೆಯಬಹುದು. ಆದರೆ ಅರ್ಥ ಮಾಡಿಕೊಳ್ಳಬೇಕಾದದ್ದು ಇಷ್ಟು: ಗುಳಿಯನ್ನು ತುಂಬಿಸಲು ಬರುವುದಿಲ್ಲ, ಅದರ ಸುತ್ತಲಿನ ಉಕ್ಕನ್ನೆಲ್ಲ ಗುಳಿಯ ತಳದ ಮಟ್ಟಕ್ಕೆ ಇಳಿಸಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಆಳದ ಗುಳಿಯೆಂದರೆ ಕಣ್ಣಿಗೆ ಬರಿಯ ಚುಕ್ಕೆ. ಹದಗೊಂಡ ಉಕ್ಕಿನ ಎರಡಂಗುಲ ಅಗಲದ ಅಲಗಿನಲ್ಲಿ ಅಷ್ಟನ್ನು ಸಮವಾಗಿ, ಅಂಚು ಉರುಟಾಗದಂತೆ, ಗಾಜಿನ ಮೇಲೆ ಅಂಟಿಸಿದ ಉಪ್ಪುಕಾಗದದಲ್ಲಿ ಕೈಯಿಂದ ಉಜ್ಜಿ ತೆಗೆಯಲು ಕೂತರೆ ಮಧ್ಯಾಹ್ನದ ಊಟ ತಪ್ಪುತ್ತದೆ. ಅದಕ್ಕೆ ನಾನು ಕೇಳುವ ಕೂಲಿ ಹೊಸ ಉಳಿಯ ಬೆಲೆಯನ್ನು ಮೀರುತ್ತದೆ. ಕೆಲವು ನೂರು ರೂಪಾಯಿಗೆ ಉಪಯೋಗಕ್ಕೆ ಬರುವಂಥ ಹೊಸ ಉಳಿ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತಿರುವಾಗ ಈ ಲೆಕ್ಕ ಯಾರಿಗೂ ಕಷ್ಟದ್ದಲ್ಲ.

ಇದರಲ್ಲಿ ಮಾರುವವರ ಪಾತ್ರವೂ ಇದೆ, ಆದರೆ ಅವರನ್ನು ನಾನು ಪೂರ್ತಿ ದೂರುವುದಿಲ್ಲ. ಗುಜರಿಯಿಂದ ಮೂಟೆಯಲ್ಲಿ ಬಂದ ಕಬ್ಬಿಣವನ್ನು ನಸುಕಿನಲ್ಲೇ ಟಾರ್ಪಾಲಿನ ಮೇಲೆ ಹರಡಿ ಕೂರುವ ಆ ಜನ, ಗಿರಾಕಿಗೆ ಹೊಳಪು ಬೇಕು ಎಂಬುದನ್ನು ಕಲಿತುಕೊಂಡಿದ್ದಾರೆ. ಆದ್ದರಿಂದ ಓರೆ ಮೈಯನ್ನು ಗ್ರೈಂಡರಿಗೆ ಕೊಟ್ಟು ಬೆಳ್ಳಗೆ ಮಾಡಿರುತ್ತಾರೆ. ಈ ಹೊಳಪಿನಲ್ಲಿ ಇನ್ನೊಂದು ಅಪಾಯವಿದೆ. ನೀರಿಗೆ ಅದ್ದದೆ ಒಂದೇ ಸಮನೆ ಚಕ್ರಕ್ಕೆ ಒತ್ತಿದರೆ ತೆಳುವಾದ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಉಳಿಯ ಇಂಗಾಲದ ಉಕ್ಕು ಸುಮಾರು 220 ರಿಂದ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಅದು ಉಳಿಗೆ ತಕ್ಕ ಹದ. 300 ಡಿಗ್ರಿಯ ಹೊತ್ತಿಗೆ ನೀಲಿಯಾಗುತ್ತದೆ, ಅದು ಸ್ಪ್ರಿಂಗಿಗೆ ಸಾಕಾಗುವ ಮೆದು ಹದ. ಅಂಚಿನಲ್ಲಿ ನೀಲಿ ಛಾಯೆ ಕಂಡರೆ ಅಷ್ಟು ಭಾಗದ ಹದ ಹೋಗಿದೆ ಎಂದೇ ಲೆಕ್ಕ, ಅಲ್ಲಿಯವರೆಗೂ ನಿಧಾನವಾಗಿ ತೇಯ್ದು ಕಳೆಯಬೇಕು. ಆಮೇಲೆ ಉಪ್ಪುಕಾಗದದಲ್ಲಿ ತಿಕ್ಕಿ ನೀಲಿಯನ್ನು ಅಳಿಸಿದ್ದರೆ ಪತ್ತೆ ಹಚ್ಚುವುದು ನನಗೂ ಸುಲಭವಲ್ಲ; ಹದವನ್ನು ಖಚಿತವಾಗಿ ಹೇಳುವುದು ಉಪಯೋಗಿಸಿ ನೋಡಿದ ಮೇಲೆಯೇ.

ಈಚೆಗೆ ಸಾಫ್ಟ್‌ವೇರ್ ಕೆಲಸದ ತರುಣರೊಬ್ಬರು ಮರದ ಹಿಡಿಯ ನಾಲ್ಕು ಉಳಿಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಬಂದಿದ್ದರು. ಒಳ್ಳೆಯ ಮನುಷ್ಯ, ಮಗಳಿಗೆ ತೊಟ್ಟಿಲಿನಿಂದ ಹಿಡಿದು ಓದುವ ಮೇಜಿನವರೆಗೆ ಎಲ್ಲವನ್ನೂ ಕೈಯಾರೆ ಮಾಡಬೇಕೆಂಬ ಹಂಬಲದವರು. "ಸಾರ್, ಶೆಫೀಲ್ಡ್ ಮಾಲು, ಮುದ್ರೆ ನೋಡಿ" ಎಂದು ತೋರಿಸಿದರು. ಉಕ್ಕಿಗೆ ಹೆಸರಾದ ಇಂಗ್ಲೆಂಡಿನ ಆ ಊರಿನ ಮುದ್ರೆ ಅಸಲಿಯೇ ಇತ್ತು. ನಾನು ಒಂದೊಂದನ್ನೂ ಮಗುಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಮೂರರ ಹಿಂಬದಿಯಲ್ಲಿ, ಬಾಯಿಯಿಂದ ಒಂದಂಗುಲದವರೆಗೂ, ಸಿಡುಬಿನ ಕಲೆಗಳಂತೆ ಗುಳಿಗಳು ಎದ್ದು ಕಂಡವು. ನಾಲ್ಕನೆಯದು, ಅವರು ಜೊತೆಗಿರಲಿ ಎಂದು ತಂದಿದ್ದ, ಹಿಡಿ ಸೀಳಿದ, ಬಾಯಿ ಮುಕ್ಕಾದ ಅರ್ಧ ಅಂಗುಲದ ಉಳಿಯ ಹಿಂಬದಿ ಮಾತ್ರ ಕಂದುಬಣ್ಣದ ತೆಳು ತುಕ್ಕಿನಡಿ ನುಣ್ಣಗಿತ್ತು. ಆ ಮುಕ್ಕನ್ನು ತೇಯ್ದು ತೆಗೆದು ಹೊಸ ಹಿಡಿ ಹಾಕಿಕೊಟ್ಟೆ. ಉಳಿದ ಮೂರನ್ನು ಅವರು ಹಾಗೆಯೇ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಹೊರಟರು. ಹೊಳೆಯುತ್ತಿದ್ದವು ಆ ಮೂರೇ, ಅವರು ದುಡ್ಡು ಕೊಟ್ಟದ್ದೂ ಅವಕ್ಕೇ.

ಹಿಂಬದಿಯೇ ಯಾಕೆ ಹೆಚ್ಚು ಕೆಡುತ್ತದೆ ಎಂಬುದಕ್ಕೂ ಕಾರಣವಿದೆ. ಉಳಿಯನ್ನು ಎಲ್ಲಿಟ್ಟರೂ ಅದು ಚಪ್ಪಟೆ ಮೈಯ ಮೇಲೆ ಮಲಗುತ್ತದೆ, ಮಳೆಗಾಲದಲ್ಲಿ ಸಿಮೆಂಟಿನ ಕಟ್ಟೆಗೂ ಅದಕ್ಕೂ ನಡುವೆ ಸಿಕ್ಕಿಬಿದ್ದ ತೇವ ಆರುವುದೇ ಇಲ್ಲ. ಉಜ್ಜುಗೊರಡಿನ ಕಥೆ ಇನ್ನೂ ಕೆಟ್ಟದ್ದು. ಸ್ಟ್ಯಾನ್ಲಿ ಕಂಪನಿ ಮಾದರಿಯ ಕಬ್ಬಿಣದ ಉಜ್ಜುಗೊರಡಿನಲ್ಲಿ ಅಲಗಿನ ಚಪ್ಪಟೆ ಮೈಗೆ ಒತ್ತಿಕೊಂಡಂತೆ ಇನ್ನೊಂದು ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ, ಅದರ ತುದಿ ಬಾಯಿಯ ಗೆರೆಗೆ ತೀರಾ ಹತ್ತಿರ ಕೂತಿರುತ್ತದೆ. ತೇವ ಸೇರಿಕೊಳ್ಳುವುದು ಸರಿಯಾಗಿ ಆ ಸಂದಿಯಲ್ಲಿ. ಹಾಗಾಗಿ ಎಲ್ಲಿ ಗುಳಿ ಬೀಳಬಾರದೋ ಅಲ್ಲೇ ಬಿದ್ದಿರುತ್ತದೆ, ಪಟ್ಟಿಯನ್ನು ಬಿಚ್ಚದೆ ಅದು ಕಾಣುವುದಿಲ್ಲ. ಮಂಗಳೂರು, ಉಡುಪಿ ಕಡೆಯಿಂದ ಬಂದ ಅಲಗುಗಳನ್ನು ಬಿಚ್ಚುವಾಗ ನಾನು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತೇನೆ. ಕಡಲಿನ ಉಪ್ಪುಗಾಳಿಗೆ ಕರುಣೆಯಿಲ್ಲ.

ಮರದ ಉಜ್ಜುಗೊರಡಿನ ಹಳೆಯ ದಪ್ಪ ಅಲಗುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಇಡೀ ಅಲಗನ್ನು ಉಕ್ಕಿನಲ್ಲಿ ಮಾಡುತ್ತಿರಲಿಲ್ಲ. ಮೆದು ಕಬ್ಬಿಣದ ಮೈಗೆ ತುದಿಯ ಭಾಗದಲ್ಲಿ ಮಾತ್ರ ತೆಳುವಾದ ಉಕ್ಕಿನ ಪದರವನ್ನು ಕಾಸಿ ಬಡಿದು ಬೆಸೆಯುತ್ತಿದ್ದರು. ನಮ್ಮ ಕಮ್ಮಾರರು ಬಾಚಿಗೆ, ಕೊಡಲಿಗೆ ಉಕ್ಕು ಹಾಕುವುದೂ ಇದೇ ಬಗೆಯ ಕೆಲಸ. ಉಜ್ಜುಗೊರಡಿನ ಅಲಗಿನಲ್ಲಿ ಆ ಪದರ ಇರುವುದು ಹಿಂಬದಿಯಲ್ಲಿ. ಓರೆ ಮೈಯನ್ನು ಸ್ವಲ್ಪ ಉಜ್ಜಿದರೆ ಎರಡು ಬಣ್ಣದ ಪಟ್ಟೆ ಕಾಣುತ್ತದೆ, ಬಾಯಿಯ ಕಡೆಯ ತೆಳು ಪಟ್ಟೆಯೇ ಉಕ್ಕು. ಹಿಂಬದಿಯ ಗುಳಿ ತೆಗೆಯುತ್ತೇನೆಂದು ಹಟ ಹಿಡಿದು ತೇಯ್ದವರು ಕೊನೆಗೆ ತೇಯ್ದು ಕಳೆಯುವುದು ಆ ಪದರವನ್ನೇ. ಅದೇ ರೀತಿ, ಪದರ ಅಲಗಿನ ನಡುವೆ ಸ್ಕ್ರೂ ಹಾಯುವ ಸೀಳಿನ ಹತ್ತಿರದವರೆಗೆ ಮಾತ್ರ ಇರುವುದರಿಂದ, ಸವೆದು ಗಿಡ್ಡವಾದ ಅಲಗಿನಲ್ಲಿ ಎಷ್ಟು ಉಕ್ಕು ಉಳಿದಿದೆ ಎಂಬುದನ್ನೂ ಕೊಳ್ಳುವ ಮೊದಲೇ ನೋಡಬೇಕು.

ಬಜಾರಿನಲ್ಲಿ ಇದನ್ನೆಲ್ಲ ನೋಡಲು ಹೆಚ್ಚು ಸರಂಜಾಮು ಬೇಕಿಲ್ಲ. ಜೇಬಿನಲ್ಲಿ 15 ಸೆಂಟಿಮೀಟರಿನ ಉಕ್ಕಿನ ಸ್ಕೇಲು, ಒಂದು ಸ್ಕ್ರೂಡ್ರೈವರ್, ಅಂಗೈಯಗಲದ ಉಪ್ಪುಕಾಗದ ಇರಲಿ. ಮಾರುವವರನ್ನು ಕೇಳಿಯೇ ಹಿಂಬದಿಯ ತುದಿಯಲ್ಲಿ ಬೆರಳಗಲ ಜಾಗವನ್ನು ಉಜ್ಜಿ ನೋಡಿ; "ಉಜ್ಜಲಾ ಅಣ್ಣ?" ಎಂದರೆ ಬೇಡ ಎನ್ನುವವರು ಕಡಿಮೆ. ತೆಳು ತುಕ್ಕು ನಾಲ್ಕಾರು ಎಳೆತಕ್ಕೆ ಹೋಗಿ ಅಡಿಯ ಉಕ್ಕು ಸಮನಾಗಿ ಬೂದಿಬಣ್ಣ ತಾಳುತ್ತದೆ. ಗುಳಿಯಿದ್ದರೆ ಸುತ್ತ ಹೊಳೆದು ನಡುವೆ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಉಗುರಿನ ತುದಿಯನ್ನು ಅದರ ಮೇಲೆ ಹಾಯಿಸಿದಾಗ ಸಿಕ್ಕಿಕೊಂಡರೆ ಅದನ್ನು ಕೆಳಗಿಡಿ. ಬಳಿಕ ಸ್ಕೇಲಿನ ಅಂಚನ್ನು ಹಿಂಬದಿಯ ಉದ್ದಕ್ಕೂ ಇಟ್ಟು ಬೆಳಕಿನೆದುರು ಹಿಡಿಯಿರಿ. ನಡುವೆ ಕೊಂಚ ಬೆಳಕು ತೂರಿದರೆ, ಅಂದರೆ ಹಿಂಬದಿ ತುಸು ತಗ್ಗಾಗಿದ್ದರೆ, ಅಡ್ಡಿಯಿಲ್ಲ. ನಡು ಉಬ್ಬಿ ತುದಿಯ ಕಡೆ ಬೆಳಕು ಕಂಡರೆ, ಹಿಂದಿನ ಯಾರೋ ಪುಣ್ಯಾತ್ಮರು ಹಿಂಬದಿಯನ್ನು ಎತ್ತಿ ಹಿಡಿದು ಮಸೆದಿದ್ದಾರೆ ಎಂದು ತಿಳಿಯಿರಿ.

ಒಂದೆರಡು ವಿನಾಯಿತಿಗಳನ್ನು ಹೇಳದಿದ್ದರೆ ನ್ಯಾಯವಾಗದು. ಗುಳಿಗಳು ಬಾಯಿಯಿಂದ ಮೂರು ನಾಲ್ಕು ಮಿಲಿಮೀಟರಿನೊಳಗೆ ಮಾತ್ರ ಇದ್ದು ಹಿಂದೆಲ್ಲ ಶುದ್ಧವಾಗಿದ್ದರೆ ಅಷ್ಟು ಉದ್ದವನ್ನೇ ತೇಯ್ದು ಬಿಡಬಹುದು. ಉಜ್ಜುಗೊರಡಿನ ಅಲಗಿಗೆ ಇನ್ನೊಂದು ಉಪಾಯವಿದೆ: ಸಾಣೆಕಲ್ಲಿನ ಒಂದು ಅಂಚಿನಲ್ಲಿ ತೆಳುವಾದ ಸ್ಕೇಲನ್ನಿಟ್ಟು ಅದರ ಮೇಲೆ ಅಲಗಿನ ಹಿಂಬದಿಯನ್ನು ಒರಗಿಸಿ ಉಜ್ಜಿದರೆ, ತುದಿಯ ಕಿರಿದಾದ ಪಟ್ಟಿಯಷ್ಟೇ ಕಲ್ಲಿಗೆ ತಾಗಿ ನುಣ್ಣಗಾಗುತ್ತದೆ. ಸಣ್ಣಪುಟ್ಟ ಗುಳಿಗಳಿಗೆ ಇದು ಸಾಕಾಗುತ್ತದೆ. ಆದರೆ ಉಳಿಗೆ ಇದನ್ನು ಮಾಡಲೇಬೇಡಿ. ಉಳಿಯ ಹಿಂಬದಿಯೇ ಮರದ ಮೇಲೆ ಅದಕ್ಕೆ ದಾರಿ ತೋರಿಸುವ ಮೈ. ಅಲ್ಲಿ ಇಳಿಜಾರು ಬಂದರೆ ಕೊರೆತ ನೇರ ನಿಲ್ಲುವುದಿಲ್ಲ.

ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಿನಲ್ಲಿ ನೆನೆಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಈಗ ಜೋರಾಗಿದೆ. ನೆನೆಹಾಕಿ, ತಪ್ಪಿಲ್ಲ, ತುಕ್ಕು ಚೆನ್ನಾಗಿಯೇ ಬಿಡುತ್ತದೆ. ಆದರೆ ರಾತ್ರಿಯಿಡೀ ಮರೆತು ಒಳ್ಳೆಯ ಉಕ್ಕನ್ನೂ ಅದಕ್ಕೆ ತಿನ್ನಿಸಬೇಡಿ, ಹೊರತೆಗೆದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚಿ. ಈ ನೀರು ತುಕ್ಕನ್ನು ತೆಗೆದು ಗುಳಿಯನ್ನು ತೋರಿಸುತ್ತದೆ, ಅಷ್ಟೇ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಉಜ್ಜುಗೊರಡಿನ ಮರದ ಹಿಡಿ ಒಡೆದಿದ್ದರೆ ಧೈರ್ಯವಾಗಿ ಕೊಳ್ಳಿ, ಅಲಗು ಹೊರಬರುವ ಸೀಳಿನ ಬಳಿ ಎರಕದ ಕಬ್ಬಿಣ ಬಿರಿದಿದ್ದರೆ ಬಿಡಿ. ಗರಗಸದ ಹಲ್ಲು ಮೊಂಡಾಗಿದ್ದರೆ ಅರ ಹಾಕಿ ತಿದ್ದಬಹುದು, ತಗಡು ಮಡಿಚಿದಂತೆ ಬಳುಕಿದ್ದರೆ ತಿದ್ದುವ ಕೈಗಳು ಈಗ ಅಪರೂಪ. ಹಳೆಯ ಅರವನ್ನು ಕೊಳ್ಳಬೇಡಿ. ವರ್ನಿಯರ್, ಮೈಕ್ರೋಮೀಟರ್‌ನಂಥ ಸೂಕ್ಷ್ಮ ಅಳತೆಯ ಸಾಧನಗಳಿಗೆ ಬಜಾರಿಗಿಂತ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಾದ ಎಚ್‌ಎಎಲ್, ಎಚ್‌ಎಂಟಿ, ಎನ್‌ಜಿಇಎಫ್‌ಗಳ ಟೂಲ್‌ರೂಮುಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳು ಲೇಸು. ಆ ಹಿರಿಯರು ಎಣ್ಣೆ ಕಾಗದದಲ್ಲಿ ಸುತ್ತಿಟ್ಟದ್ದನ್ನು ಬಿಚ್ಚಿ ತೋರಿಸುವಾಗ ಅವಸರ ಮಾಡದೆ ಕೂತು ಕೇಳಬೇಕು, ಬೆಲೆಯ ಮಾತು ಕಾಫಿಯ ನಂತರ. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಡ್ರಿಲ್ಲು 120 ವೋಲ್ಟಿನದು. ಅದನ್ನು ನೇರವಾಗಿ ನಮ್ಮ 230 ವೋಲ್ಟಿಗೆ ಸಿಕ್ಕಿಸಿದವರು ನನ್ನಲ್ಲಿಗೆ ಬಂದರೆ ನಾನೇನೂ ಮಾಡಲಾರೆ. ಇನ್ನು, ನಿನ್ನೆಯವರೆಗೂ ಕೆಲಸದಲ್ಲಿದ್ದಂತೆ ಕಾಣುವ, ಹಿಡಿಯಲ್ಲಿ ಬೆವರಿನ ಕಪ್ಪು ಹಸಿಯಾಗಿಯೇ ಇರುವ, ಬಡಗಿಯೊಬ್ಬನ ಇಡೀ ಚೀಲ ಕಾಸಿಗೆ ಸಿಗುತ್ತಿದ್ದರೆ ಅದು ಕಟ್ಟಡದ ಕೆಲಸದ ಜಾಗದಿಂದ ಕದ್ದದ್ದಿರಬಹುದು, ಅದನ್ನು ಮುಟ್ಟಬೇಡಿ.

ಬೆಲೆ ಎಷ್ಟಿರಬೇಕು ಎಂದು ಕೇಳಿದರೆ ಹೊಸದರ ಬೆಲೆಯಿಂದ ಹಿಂದಕ್ಕೆ ಎಣಿಸಿ ಎನ್ನುತ್ತೇನೆ. ಹೊಸ ಹಿಡಿ, ಸಾಣೆಯ ಕೂಲಿ, ನಿಮ್ಮ ಒಂದು ಭಾನುವಾರ, ಇವನ್ನು ಕಳೆದು ಉಳಿಯುವುದಕ್ಕಿಂತ ಹೆಚ್ಚು ಕೊಟ್ಟರೆ ನೀವು ಕೊಟ್ಟದ್ದು ಹಳತೆಂಬ ಮೋಹಕ್ಕೆ. ಅದೂ ತಪ್ಪಲ್ಲ, ಲೆಕ್ಕ ಗೊತ್ತಿದ್ದರಾಯಿತು. ಹಿಂಬದಿ ಕೆಟ್ಟ ಉಳಿಯನ್ನು ನಾನೂ ಆಗೀಗ ಐವತ್ತು ರೂಪಾಯಿಗೆ ಕೊಳ್ಳುವುದುಂಟು. ಒಣಗಿದ ಅಂಟು ಕೆರೆಯಲು, ಬಣ್ಣದ ಡಬ್ಬಿಯ ಮುಚ್ಚಳ ಮೀಟಲು, ಗೋಡೆಯಲ್ಲಿ ಮೊಳೆಯ ಸುತ್ತ ಗಾರೆ ಬಿಡಿಸಲು ಅಂಥದ್ದೊಂದು ಅಂಗಡಿಯಲ್ಲಿ ಬೇಕಾಗುತ್ತದೆ, ಒಳ್ಳೆಯ ಉಳಿಯನ್ನು ಈ ಕೆಲಸಗಳಿಗೆ ಯಾರೂ ಎತ್ತಿಕೊಳ್ಳದಂತೆ.