ಕಡತದಲ್ಲಿ ಉದುರಿಹೋದ ‘ಅಂತೆ’

1981ರ ಜುಲೈ 7ರ ತಾರೀಖಿನ ಒಂದು ಚಿಕ್ಕ ಟಿಪ್ಪಣಿ ಇದೆ. ಬರೆದವರು ಕೆನೆತ್ ಸ್ಟಾರ್. ಆಗ ಅವರು ಅಮೆರಿಕದ ಅಟಾರ್ನಿ ಜನರಲ್ ವಿಲಿಯಂ ಫ್ರೆಂಚ್ ಸ್ಮಿತ್ ಅವರಿಗೆ ಸಲಹೆಗಾರರು. ಹಿಂದಿನ ದಿನ, ಸೋಮವಾರ, ಅರಿಜೋನಾದ ನ್ಯಾಯಾಧೀಶೆ ಸಾಂಡ್ರಾ ಡೇ ಓಕಾನರ್ ಅವರ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದೆ, ಅವರು ಕೊಟ್ಟ ಮಾಹಿತಿ ಹೀಗಿದೆ ಎಂದು ಟಿಪ್ಪಣಿ ಶುರುವಾಗುತ್ತದೆ. ಆ ಮಂಗಳವಾರವೇ ಅಧ್ಯಕ್ಷ ರೇಗನ್ ಅವರು ಸುಪ್ರೀಂ ಕೋರ್ಟಿಗೆ ಓಕಾನರ್ ಹೆಸರನ್ನು ಪ್ರಕಟಿಸಿದರು. ಆ ಕೋರ್ಟಿಗೆ ಹೆಸರಿಸಲ್ಪಟ್ಟ ಮೊದಲ ಮಹಿಳೆ ಅವರು.

ಹಳೆಯ ಸರ್ಕಾರಿ ಕಡತ ಓದುವುದೇ ನನ್ನ ಉದ್ಯೋಗ. ಇತಿಹಾಸಕಾರರಿಗೆ, ವಕೀಲರಿಗೆ, ಒಮ್ಮೊಮ್ಮೆ ಪತ್ರಕರ್ತರಿಗೆ ಬೇಕಾದ ದಾಖಲೆ ಹುಡುಕಿ, ಅದರ ಪೂರ್ವಾಪರ ಬರೆದುಕೊಡುತ್ತೇನೆ. ಹೆಚ್ಚು ಕಾಲ ಕಳೆದದ್ದು ಫೆಡರಲ್ ಹುದ್ದೆಗಳ ನೇಮಕದ ಕಡತಗಳಲ್ಲಿ. ಅಧ್ಯಕ್ಷರೊಬ್ಬರು ಬದಲಾದರೆ ಸುಮಾರು 4,000 ರಾಜಕೀಯ ನೇಮಕಗಳಾಗಬೇಕು, ಅದರಲ್ಲಿ 1,200ಕ್ಕೂ ಹೆಚ್ಚು ಹುದ್ದೆಗಳಿಗೆ ಸೆನೆಟ್ ಒಪ್ಪಿಗೆ ಬೇಕು. ಇಂಥ ಪ್ರತಿಯೊಂದು ಹೆಸರಿನ ಹಿಂದೆ ಯಾರೋ ಒಬ್ಬರು ವಿಚಾರಿಸಿ ಬರೆದ ಟಿಪ್ಪಣಿ ಇರುತ್ತದೆ. ಅವನ್ನು ಹೇಗೆ ಓದುತ್ತೀರಿ ಎಂದು ಹೊಸಬರು ಕೇಳಿದಾಗಲೆಲ್ಲ ನಾನು ಮೊದಲು ತೋರಿಸುವುದು ಈ ಜುಲೈ 7ರ ಟಿಪ್ಪಣಿಯನ್ನು.

1970ರಲ್ಲಿ ಅರಿಜೋನಾ ಶಾಸನಸಭೆಯ ಮುಂದೆ ಗರ್ಭಪಾತವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಒಂದು ಮಸೂದೆ ಬಂದಿತ್ತು. ಓಕಾನರ್ ಆಗ ಅಲ್ಲಿ ಸೆನೆಟರ್. ಅವರು ಹೇಗೆ ಮತ ಹಾಕಿದರು ಎಂಬುದಕ್ಕೆ ದಾಖಲೆಯಿಲ್ಲ, ತಮಗೆ ನೆನಪಿಲ್ಲವೆಂದು ಅವರು ಹೇಳುತ್ತಾರೆ ಎಂದು ಟಿಪ್ಪಣಿ ಬರೆಯುತ್ತದೆ. 1974ರ ಇನ್ನೊಂದು ಪ್ರಸಂಗವೂ ಅದರಲ್ಲಿದೆ: ಅರಿಜೋನಾ ವಿಶ್ವವಿದ್ಯಾಲಯದ ಕ್ರೀಡಾಂಗಣ ವಿಸ್ತರಿಸಲು ಬಾಂಡ್ ಎತ್ತುವ ಮಸೂದೆಗೆ ಕೆಳಮನೆಯಲ್ಲಿ ಯಾರೋ ಗರ್ಭಪಾತ ನಿಷೇಧದ ತಿದ್ದುಪಡಿ ಅಂಟಿಸಿದ್ದರು. ಸಂಬಂಧವಿಲ್ಲದ ಎರಡು ವಿಷಯಗಳನ್ನು ಒಂದೇ ಮಸೂದೆಯಲ್ಲಿ ಸೇರಿಸಲು ರಾಜ್ಯದ ಸಂವಿಧಾನ ಬಿಡುವುದಿಲ್ಲ ಎಂಬ ಕಾರಣಕ್ಕೆ ಓಕಾನರ್ ಅದನ್ನು ವಿರೋಧಿಸಿದರು. ಇನ್ನು ಫೀನಿಕ್ಸಿನ ಗರ್ಭಪಾತ ವಿರೋಧಿ ಚಳವಳಿಯ ಮುಖಂಡರಾದ ವೈದ್ಯೆಯೊಬ್ಬರನ್ನು ತಾವು ಚೆನ್ನಾಗಿ ಬಲ್ಲೆ, ಅವರೊಡನೆ ಎಂದೂ ಜಗಳವಾಗಿಲ್ಲ ಎಂಬುದೂ ಇದೆ.

ಈ ಟಿಪ್ಪಣಿ ಓದುವಾಗ ನನ್ನ ತಲೆಯಲ್ಲಿ ಪ್ರತಿ ವಾಕ್ಯವೂ ಕನ್ನಡವಾಗುತ್ತದೆ. ಅದು ಅಭ್ಯಾಸಬಲ. ಹಾಗೆ ಕನ್ನಡವಾಗುವಾಗ ವಾಕ್ಯದ ಕೊನೆಗೆ ಒಂದು ಪದ ತಾನಾಗಿ ಬಂದು ಕೂರುತ್ತದೆ: ಅಂತೆ. ನೆನಪಿಲ್ಲವಂತೆ. ಜಗಳವಾಗಿಲ್ಲವಂತೆ. ಕೇಳಿದ್ದನ್ನು ಕಂಡದ್ದರ ಜೊತೆ ಬೆರೆಸದಂತೆ ನಮ್ಮ ಭಾಷೆ ಈ ಎರಡಕ್ಷರವನ್ನು ಕೊಟ್ಟಿದೆ. ಹಳ್ಳಿಯ ಅಜ್ಜಿಯೂ ‘ಮಳೆ ಬಂತು’ ಮತ್ತು ‘ಮಳೆ ಬಂತಂತೆ’ ಎರಡನ್ನೂ ಬೇರೆ ಬೇರೆ ಜಾಗದಲ್ಲೇ ಇಡುತ್ತಾಳೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಅವರು ತಿಳಿಸಿದರು’, ‘ಅವರು ಸೂಚಿಸಿದರು’ ಎಂದು ಪೂರ್ತಿ ಮಾತೇ ಬರೆಯಬೇಕು. ಸ್ಟಾರ್ ಅದನ್ನು ಬರೆದಿದ್ದಾರೆ, ಆ ಮಟ್ಟಿಗೆ ಟಿಪ್ಪಣಿ ಪ್ರಾಮಾಣಿಕವಾಗಿದೆ. ಆದರೆ ಟಿಪ್ಪಣಿ ಒಂದು ಮೇಜಿನಿಂದ ಮೇಲಿನ ಮೇಜಿಗೆ ಹೋದಂತೆಲ್ಲ ಮೊದಲು ಉದುರುವುದು ಈ ಮಾತೇ. ‘ನೆನಪಿಲ್ಲವೆಂದು ತಿಳಿಸಿದರು, ದಾಖಲೆಯೂ ಇಲ್ಲ’ ಎಂಬುದು ಎರಡನೇ ಮೇಜಿನಲ್ಲಿ ‘ಮತದ ಬಗ್ಗೆ ಮಾಹಿತಿಯಿಲ್ಲ’ ಆಗುತ್ತದೆ, ಮೂರನೆಯದರಲ್ಲಿ ‘ಆಕ್ಷೇಪಾರ್ಹವಾದದ್ದು ಏನೂ ಇಲ್ಲ’ ಆಗುತ್ತದೆ. ಬೇರೆ ಬೇರೆ ಕಾಲದ ಕಡತಗಳಲ್ಲಿ ಈ ಸವಕಳಿಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಓಕಾನರ್ ವಿಷಯದಲ್ಲಿ ಮುಂದೇನಾಯಿತು? ಆ ವೈದ್ಯೆ ಬಹಿರಂಗವಾಗಿ ಬಂದು, ತಮಗೂ ಓಕಾನರ್ ಅವರಿಗೂ ಶಾಸನಸಭೆಯ ದಿನಗಳಲ್ಲಿ ವಿರೋಧವಿತ್ತು ಎಂದರು. ಸೆಪ್ಟೆಂಬರಿನಲ್ಲಿ ಸೆನೆಟ್ ಸಮಿತಿಯ ಮುಂದೆ ಓಕಾನರ್ ಅವರೇ, ಆ ಕಾಲದ ಪತ್ರಿಕಾ ವರದಿಗಳ ಪ್ರಕಾರ 1970ರ ಮಸೂದೆಯನ್ನು ಸಮಿತಿಯಿಂದ ಹೊರಗೆ ಕಳಿಸಲು ತಾವು ಬೆಂಬಲ ಕೊಟ್ಟಿರುವುದು ಕಾಣುತ್ತದೆ ಎಂದು ಒಪ್ಪಿದರು. ಅಂದರೆ ಮತದ ಪ್ರಶ್ನೆಗೆ ಉತ್ತರವು ಫೀನಿಕ್ಸಿನ ಹಳೆಯ ಪತ್ರಿಕೆಗಳಲ್ಲಿತ್ತು. ಅಭ್ಯರ್ಥಿಯ ಬಗ್ಗೆ ಅಭ್ಯರ್ಥಿಯನ್ನೇ ಫೋನಿನಲ್ಲಿ ಕೇಳಿ, ಮರುದಿನವೇ ಬರೆದ ಟಿಪ್ಪಣಿಗೆ ಅಲ್ಲಿಗೆ ಹೋಗಿ ನೋಡುವ ಸಮಯವಿರಲಿಲ್ಲ. ಓಕಾನರ್ ಸುಳ್ಳು ಹೇಳಿದರು ಎಂದು ನಾನು ಈ ಕಡತದಿಂದ ತೀರ್ಮಾನಿಸುವುದಿಲ್ಲ. ಹನ್ನೊಂದು ವರ್ಷದ ಹಿಂದಿನ ಒಂದು ಸಮಿತಿ ಮತ ಯಾರಿಗಾದರೂ ಮರೆಯಬಹುದು. ಸೆನೆಟ್ ಅವರನ್ನು 99-0 ಮತಗಳಿಂದ ಒಪ್ಪಿತು. ಆದರೆ ಈ ಟಿಪ್ಪಣಿಯೊಂದನ್ನೇ ಆಧಾರ ಮಾಡಿಕೊಂಡು ‘1970ರ ಮತಕ್ಕೆ ಪುರಾವೆಯಿಲ್ಲ’ ಎಂದು ಬರೆಯುವ ಸಂಶೋಧಕರು ತಪ್ಪು ಮಾಡುತ್ತಾರೆ.

ನಮ್ಮ ಅಪ್ಪ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ಕೆಳಗಿನಿಂದ ಬರುವ ವರದಿಗಳಲ್ಲಿ ‘ಅಕ್ಕಪಕ್ಕದವರನ್ನು ವಿಚಾರಿಸಲಾಗಿ ತಿಳಿದುಬಂದಿರುತ್ತದೆ’ ಎಂಬ ಸಾಲು ಇದ್ದೇ ಇರುತ್ತಿತ್ತು. ಅಪ್ಪ ಅದರ ಪಕ್ಕದಲ್ಲಿ ‘ಯಾರನ್ನು?’ ಎಂದು ಷರಾ ಬರೆದು ವಾಪಸ್ ಕಳಿಸುತ್ತಿದ್ದರು. ವಾಷಿಂಗ್ಟನ್ನಿನ ಕಾಗದದ ಮುಂದೆ ಕೂತಾಗಲೂ ನನಗೆ ಹೊಳೆಯುವ ಮೊದಲ ಪ್ರಶ್ನೆ ಅದೇ.

ಇನ್ನು ಓದುವ ಕೋಣೆಗೆ ಬರೋಣ. ರೇಗನ್ ಕಾಲದ ಶ್ವೇತಭವನದ ಕಾಗದಗಳು ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿವೆ, ಕ್ಲಿಂಟನ್ ಕಾಲದವು ಅರ್ಕನ್ಸಾಸ್‌ನ ಲಿಟಲ್ ರಾಕ್‌ನಲ್ಲಿ. ಒಳಗೆ ಪೆನ್ಸಿಲ್ ಮಾತ್ರ. ಮೇಜಿನ ಮೇಲೆ ಒಂದು ಪೆಟ್ಟಿಗೆ, ತೆರೆದಿರುವುದು ಒಂದೇ ಫೋಲ್ಡರ್. ಹಾಳೆಗಳ ಕ್ರಮ ತಪ್ಪಿಸಬಾರದು. ಈ ಕ್ರಮದ ನಿಯಮ ಹೊಸಬರಿಗೆ ಕಿರಿಕಿರಿ ಅನ್ನಿಸುತ್ತದೆ. ಆದರೆ ಯಾವ ಹಾಳೆಯ ಹಿಂದೆ ಯಾವ ಹಾಳೆ ಇದೆ ಎಂಬುದರಿಂದಲೇ ಯಾರು ಯಾವಾಗ ಏನನ್ನು ನೋಡಿದ್ದರು ಎಂದು ನಾವು ಊಹಿಸುವುದು.

ಫೋಲ್ಡರ್ ತೆರೆದ ಕೂಡಲೇ ಎಲ್ಲರೂ ಟಿಪ್ಪಣಿಗೆ ಕೈಹಾಕುತ್ತಾರೆ. ನಾನು ಮೊದಲು ಓದುವುದು ಮುಂದೆ ಲಗತ್ತಿಸಿರುವ ‘ತೆಗೆದಿಟ್ಟ ಕಾಗದಗಳ ಪಟ್ಟಿ’ಯನ್ನು. ಯಾವ ದಾಖಲೆ ಹೊರಗಿಟ್ಟಿದ್ದಾರೆ, ಅದರ ತಾರೀಖೇನು, ಯಾವ ಕಾರಣಕ್ಕೆ ಎಂಬುದು ಅದರಲ್ಲಿರುತ್ತದೆ. ಕಾರಣಕ್ಕೆ ಸಂಕೇತಗಳಿವೆ. 1978ರ ಅಧ್ಯಕ್ಷೀಯ ದಾಖಲೆಗಳ ಕಾಯ್ದೆ ಶ್ವೇತಭವನದ ಕಾಗದಗಳನ್ನು ಅಧ್ಯಕ್ಷರ ಸ್ವಂತ ಆಸ್ತಿಯ ಬದಲು ಸಾರ್ವಜನಿಕ ಆಸ್ತಿಯಾಗಿ ಮಾಡಿತು, ರೇಗನ್ ಅವಧಿಯಿಂದ ಜಾರಿಗೆ ಬಂತು. ಅಧ್ಯಕ್ಷರು ಇಳಿದು ಐದು ವರ್ಷವಾದ ಮೇಲೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಆರು ಬಗೆಯ ಕಾಗದಗಳನ್ನು ಹನ್ನೆರಡು ವರ್ಷದವರೆಗೆ ಮುಚ್ಚಿಡುವ ಅವಕಾಶ ಅಧ್ಯಕ್ಷರಿಗಿದೆ. ನಮ್ಮ ಕೆಲಸಕ್ಕೆ ಮುಖ್ಯವಾದವು ಮೂರು: ಪಿ2, ಅಂದರೆ ಫೆಡರಲ್ ಹುದ್ದೆಗಳ ನೇಮಕಕ್ಕೆ ಸಂಬಂಧಿಸಿದ್ದು, ಪಿ5, ಅಧ್ಯಕ್ಷರು ಮತ್ತು ಸಲಹೆಗಾರರ ನಡುವಿನ ಗುಟ್ಟಿನ ಸಲಹೆ, ಪಿ6, ವ್ಯಕ್ತಿಯ ಖಾಸಗಿತನ.

ಹನ್ನೆರಡು ವರ್ಷ ಮುಗಿದ ದಿನ ಪಿ2 ಮತ್ತು ಪಿ5 ಬಿದ್ದುಹೋಗುತ್ತವೆ. ಖಾಸಗಿತನದ ಕಾರಣ ಆಮೇಲೂ ಅಮೆರಿಕದ ಮಾಹಿತಿ ಹಕ್ಕಿನ ಕಾಯ್ದೆಯಡಿ ಉಳಿಯುತ್ತದೆ. ಎಫ್‌ಬಿಐ ವಿಚಾರಣೆಯ ಸಾರಾಂಶ, ಕಾಯಿಲೆ, ವಿಚ್ಛೇದನ, ಸಾಲ, ಇವೆಲ್ಲ ಕಪ್ಪು ಬಳಿದ ಸಾಲುಗಳ ಕೆಳಗೇ ಇರುತ್ತವೆ. ಇರಲಿ ಎಂದೇ ನನ್ನ ಅಭಿಪ್ರಾಯ. ಹುದ್ದೆ ಸಿಗದೇ ಹೋದವರ ಬಗ್ಗೆ ನೆರೆಮನೆಯವರೊಬ್ಬರು ಮೂವತ್ತು ವರ್ಷದ ಹಿಂದೆ ಆಡಿದ ಮಾತನ್ನು ನಾನು ಓದಲೇಬೇಕಾಗಿಲ್ಲ. ಸಲಹೆಗಾರರು ಕೊಟ್ಟ ರಾಜಕೀಯ ಸಲಹೆಯ ಮಾತು ಬೇರೆ. ಅದು ಜನರಿಗೆ ಸೇರಿದ್ದು, ತಡವಾಗಿಯಾದರೂ ಸಿಗಬೇಕು. ರೇಗನ್ ಕಾಗದಗಳ ಹನ್ನೆರಡು ವರ್ಷ 2001ರ ಜನವರಿಯಲ್ಲಿ ತುಂಬಿದಾಗ ಸುಮಾರು 68,000 ಪುಟಗಳ ಬಿಡುಗಡೆಯನ್ನು ಹೊಸ ಸರ್ಕಾರ ತಡೆಹಿಡಿಯಿತು. ಆ ನವೆಂಬರಿನಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ಹೊರಡಿಸಿದ ಆದೇಶ ಮಾಜಿ ಅಧ್ಯಕ್ಷರಿಗೆ ಇನ್ನಷ್ಟು ತಡೆಯುವ ಅಧಿಕಾರ ಕೊಟ್ಟಿತು. ಒಬಾಮಾ 2009ರ ಜನವರಿ 21ರಂದು, ಅಂದರೆ ಅಧಿಕಾರದ ಮೊದಲ ಪೂರ್ಣ ದಿನ, ಅದನ್ನು ರದ್ದು ಮಾಡಿದರು. ನಮ್ಮಂಥವರಿಗೆ ಅದು ದೊಡ್ಡ ದಿನವಾಗಿತ್ತು.

ಈಗ ಟಿಪ್ಪಣಿಯ ಹಾಳೆ. ಬರೆದವರ ಹೆಸರಿನ ಪಕ್ಕ ಕೈಬರಹದ ಕಿರುರುಜು ಇದೆಯೇ ನೋಡಿ. ಇದ್ದರೆ ಅದು ಹೊರಟ ಕಾಗದವಾಗಿರುವ ಸಾಧ್ಯತೆ ಹೆಚ್ಚು. ಇಲ್ಲದಿದ್ದರೆ ಕರಡು ಇರಬಹುದು, ಕಳಿಸದೆ ಬಿಟ್ಟದ್ದಿರಬಹುದು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಇದರಲ್ಲೇ ಎಡವಿದೆ. ಒಬ್ಬ ಇತಿಹಾಸಕಾರರಿಗಾಗಿ ಹುಡುಕುತ್ತಿದ್ದಾಗ, ಅಭ್ಯರ್ಥಿಯೊಬ್ಬರನ್ನು ಬೇಡವೆಂದು ಹೇಳುವ ಟಿಪ್ಪಣಿ ಸಿಕ್ಕಿತು. ರುಜು ಇರಲಿಲ್ಲ, ನಾನು ಗಮನಿಸಲಿಲ್ಲ, ಕಳಿಸಿಬಿಟ್ಟೆ. ತಿಂಗಳುಗಳ ನಂತರ ಇನ್ನೊಂದು ಪೆಟ್ಟಿಗೆಯಲ್ಲಿ ಅದೇ ಟಿಪ್ಪಣಿಯ ರುಜು ಮಾಡಿದ ಪ್ರತಿ ಸಿಕ್ಕಿತು. ಅದರಲ್ಲಿ ಕೊನೆಯ ಕಂಡಿಕೆ ಪೂರ್ತಿ ಬದಲಾಗಿತ್ತು, ಬೇಡ ಎಂಬುದು ಹೋಗಿ ‘ಇನ್ನಷ್ಟು ವಿಚಾರಿಸಬೇಕು’ ಎಂದಾಗಿತ್ತು. ಅವರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಪುಸ್ತಕ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಅಂದಿನಿಂದ ಒಂದು ಟಿಪ್ಪಣಿಯ ಎಲ್ಲ ಪ್ರತಿಗಳನ್ನೂ ಹುಡುಕದೆ ನಾನು ಮುಂದೆ ಹೋಗುವುದಿಲ್ಲ. ಪ್ರತಿ ಹುಡುಕುವುದರಿಂದ ಇನ್ನೊಂದು ಲಾಭವಿದೆ: ಒಂದು ಫೋಲ್ಡರಿನಲ್ಲಿ ಕಪ್ಪು ಬಳಿದ ಸಾಲು, ಬೇರೆ ಅಧಿಕಾರಿಯ ಫೋಲ್ಡರಿನ ಪ್ರತಿಯಲ್ಲಿ ಕೆಲವೊಮ್ಮೆ ತೆರೆದೇ ಇರುತ್ತದೆ.

ರುಜು ಇದ್ದರೂ ಸಾಲದು. 1952ರಲ್ಲಿ ವಿಲಿಯಂ ರೆನ್‌ಕ್ವಿಸ್ಟ್ ಎಂಬ ತರುಣರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅವರ ಬಳಿ ಸಹಾಯಕರಾಗಿದ್ದರು. ಕಪ್ಪು ಮತ್ತು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಎಂಬ ಪದ್ಧತಿಯ ಮೊಕದ್ದಮೆಗಳು ಆಗ ಕೋರ್ಟಿನ ಮುಂದಿದ್ದವು. ಜನಾಂಗ ವಿಂಗಡಣೆಯನ್ನು ಒಪ್ಪಿದ್ದ 1896ರ ಹಳೆಯ ತೀರ್ಪೇ ಸರಿ, ಅದನ್ನು ಎತ್ತಿಹಿಡಿಯಬೇಕು ಎನ್ನುವ ಒಂದು ಟಿಪ್ಪಣಿ ಅವರು ಬರೆದದ್ದಿದೆ. ಕೆಳಗೆ ಅವರ ಹೆಸರಿನ ಮೂರು ಮೊದಲಕ್ಷರಗಳಿವೆ. 1971ರಲ್ಲಿ ಅಧ್ಯಕ್ಷ ನಿಕ್ಸನ್ ರೆನ್‌ಕ್ವಿಸ್ಟ್ ಅವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿ, ಸೆನೆಟ್ ಚರ್ಚೆ ನಡೆಯುತ್ತಿದ್ದಾಗ ಈ ಟಿಪ್ಪಣಿ ಹೊರಬಿತ್ತು. ರೆನ್‌ಕ್ವಿಸ್ಟ್ ಕೊಟ್ಟ ಉತ್ತರ: ಅದು ನನ್ನ ಅಭಿಪ್ರಾಯವಲ್ಲ, ಜಾಕ್ಸನ್ ಅವರ ನಿಲುವನ್ನು ಅವರ ಬಳಕೆಗಾಗಿ ಬರೆದುಕೊಟ್ಟದ್ದು. ಜಾಕ್ಸನ್ 1954ರಲ್ಲೇ ತೀರಿಕೊಂಡಿದ್ದರು, ಕೇಳುವಂತಿರಲಿಲ್ಲ. ಶಾಲೆಗಳ ಮೊಕದ್ದಮೆಯಲ್ಲಿ ಅದೇ ವರ್ಷ ಬಂದ ಒಮ್ಮತದ ತೀರ್ಪಿಗೆ ಅವರೂ ಸೇರಿದ್ದರು. ಸೆನೆಟ್ ರೆನ್‌ಕ್ವಿಸ್ಟ್ ಅವರನ್ನು 68-26ರಿಂದ ಒಪ್ಪಿತು. 1986ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಹೆಸರು ಬಂದಾಗ ಮತ್ತೆ ಅದೇ ಕಾಗದ ಎದ್ದಿತು. ಟಿಪ್ಪಣಿಯಲ್ಲಿ ‘ನಾನು’ ಎಂದಿದೆ. ಆ ‘ನಾನು’ ಯಾರು? ರೆನ್‌ಕ್ವಿಸ್ಟ್ ಮಾತು ಒಪ್ಪುವುದಾದರೆ ಇಡೀ ಕಾಗದಕ್ಕೆ ಒಂದು ‘ಅಂತೆ’ ಸೇರಿಸಿ ಓದಬೇಕು. ನನಗೆ ಅವರ ವಿವರಣೆ ಒಪ್ಪಿಗೆಯಾಗುವುದಿಲ್ಲ. ಮೇಲಧಿಕಾರಿಯ ಮಾತನ್ನು ಬರೆದುಕೊಡುವವರು ತಮ್ಮ ನಿಲುವು ಜನಪ್ರಿಯವಲ್ಲ, ಸಹೋದ್ಯೋಗಿಗಳು ತಮ್ಮನ್ನು ಜರೆದಿದ್ದಾರೆ ಎಂಬ ಧಾಟಿಯಲ್ಲಿ ಬರೆಯುವುದಿಲ್ಲ. ಆದರೆ ಇದು ನನ್ನ ಓದು. ಕಾಗದ ತಾನಾಗಿ ಅದನ್ನು ಹೇಳುವುದಿಲ್ಲ.

ಪರಿಶೀಲನೆಯ ಪ್ರಶ್ನಾವಳಿಗಳನ್ನು ಕಾಲಾನುಕ್ರಮದಲ್ಲಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. 1947ರ ಟ್ರೂಮನ್ ಆದೇಶ, 1953ರ ಐಸೆನ್‌ಹೋವರ್ ಆದೇಶ ಬಂದ ಕಾಲದಲ್ಲಿ ಮುಖ್ಯ ಪ್ರಶ್ನೆ ನಿಷ್ಠೆಯದು. 1987ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರಿಸಿದ್ದ ಡಗ್ಲಸ್ ಗಿನ್ಸ್‌ಬರ್ಗ್ ಗಾಂಜಾ ಸೇದಿದ್ದನ್ನು ಒಪ್ಪಿಕೊಂಡು ಹಿಂದೆ ಸರಿದ ಮೇಲೆ ಗಾಂಜಾದ ಪ್ರಶ್ನೆಗೆ ಮಹತ್ವ ಬಂತು. 1993ರ ಜನವರಿಯಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ಹೆಸರಿಸಿದ್ದ ಜೋಯಿ ಬೇರ್ಡ್ ಮನೆಗೆಲಸದವರ ತೆರಿಗೆಯ ವಿಷಯದಲ್ಲಿ ಹಿಂದೆ ಸರಿದರು, ಆಮೇಲೆ ಆಯಾ, ತೋಟದವರು, ಕಾರು ಚಾಲಕರ ಲೆಕ್ಕವೂ ಪರಿಶೀಲನೆಯ ಭಾಗವಾಯಿತು. ಆದ್ದರಿಂದ 1985ರ ಕಡತದಲ್ಲಿ ಆಯಾಳ ತೆರಿಗೆಯ ಮಾತಿಲ್ಲದಿದ್ದರೆ ಅಭ್ಯರ್ಥಿ ಶುದ್ಧಹಸ್ತ ಎಂದು ಬರೆಯಬೇಡಿ. ಯಾರೂ ಕೇಳಿರಲಿಲ್ಲ ಅಷ್ಟೆ.

ಕಾಗದ ಕಳೆದುಹೋಗುವುದೂ ಉಂಟು. 2005ರಲ್ಲಿ ಸುಪ್ರೀಂ ಕೋರ್ಟಿಗೆ ಜಾನ್ ರಾಬರ್ಟ್ಸ್ ಹೆಸರು ಬಂದಾಗ ಅವರು ರೇಗನ್ ಕಾಲದಲ್ಲಿ ಬರೆದ ಸಾವಿರಾರು ಪುಟಗಳನ್ನು ತೆರೆದರು. ಮೀಸಲಾತಿಗೆ ಸಂಬಂಧಿಸಿದ ಒಂದು ಫೋಲ್ಡರ್ ಮಾತ್ರ ಸಿಗಲಿಲ್ಲ, ಅದರ ಬಗ್ಗೆ ತನಿಖೆಯೇ ನಡೆಯಿತು. 2018ರಲ್ಲಿ ಅದೇ ಕೋರ್ಟಿಗೆ ಹೆಸರಿಸಿದ್ದ ಬ್ರೆಟ್ ಕ್ಯಾವನಾ ಅವರ ಕಾಗದಗಳನ್ನು ಅಕ್ಟೋಬರ್ ಕೊನೆಯವರೆಗೆ ನೋಡಿ ಮುಗಿಸಲಾಗದು ಎಂದು ರಾಷ್ಟ್ರೀಯ ಪತ್ರಾಗಾರ ತಿಳಿಸಿತು. ವಿಚಾರಣೆ ಸೆಪ್ಟೆಂಬರ್ 4ಕ್ಕೇ ಶುರುವಾಯಿತು.

ಮಂಡ್ಯ ಕಡೆಯ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರ ಕಡತ ಯಾವಾಗ ಸಿಗುತ್ತದೆ? ಅಧ್ಯಕ್ಷ ಒಬಾಮಾ ಮೂರ್ತಿ ಅವರನ್ನು ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ ಹುದ್ದೆಗೆ 2013ರ ನವೆಂಬರಿನಲ್ಲಿ ಹೆಸರಿಸಿದರು. ಬಂದೂಕು ಕೂಡ ಆರೋಗ್ಯದ ವಿಷಯ ಎಂದು 2012ರಲ್ಲಿ ಅವರು ಹಾಕಿದ್ದ ಟ್ವೀಟ್ ಹಿಡಿದು ಬಂದೂಕು ಲಾಬಿ ವಿರೋಧಿಸಿತು. 51-43 ಮತಗಳಿಂದ ಒಪ್ಪಿಗೆ ಸಿಕ್ಕಿದ್ದು 2014ರ ಡಿಸೆಂಬರ್ 15ಕ್ಕೆ. ಬೈಡನ್ ಕಾಲದಲ್ಲಿ ಅದೇ ಹುದ್ದೆಗೆ ಮತ್ತೆ ಹೆಸರಿಸಿದಾಗ, 2021ರ ಮಾರ್ಚಿನಲ್ಲಿ, 57-43.

ಒಬಾಮಾ ದಾಖಲೆಗಳಿಗೆ ಅರ್ಜಿ ಹಾಕುವ ಅವಕಾಶ 2022ರ ಜನವರಿಯಿಂದ ಇದೆ, ಪಿ2 ಬೀಗ ಹೆಚ್ಚೆಂದರೆ 2029ರ ಜನವರಿ 20ರವರೆಗೆ. ಬೈಡನ್ ಕಾಲದ್ದಕ್ಕೆ 2037. ಎರಡೂ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಒಂದೇ ಸಂಗತಿಯನ್ನು: ಆ ಟ್ವೀಟ್ 2013ರ ಪರಿಶೀಲನೆಯವರ ಕಣ್ಣಿಗೆ ಹೆಸರು ಪ್ರಕಟವಾಗುವ ಮೊದಲೇ ಬಿದ್ದಿತ್ತೇ, ಬಿದ್ದಿದ್ದರೆ ಅದನ್ನು ತಾವೇ ಓದಿದರೇ, ಅಥವಾ ಯಾರೋ ಹೇಳಿದ್ದನ್ನು ಬರೆದುಕೊಂಡರೇ. ಅರ್ಜಿಯಲ್ಲಿ ಅವರ ಹೆಸರು, 2013-14 ಎಂಬ ಅವಧಿ, ಶ್ವೇತಭವನದ ಸಿಬ್ಬಂದಿ ನೇಮಕ ಕಚೇರಿ ಮತ್ತು ಕಾನೂನು ಸಲಹೆಗಾರರ ಕಚೇರಿ, ಎರಡನ್ನೂ ಬರೆಯಿರಿ. ‘ಎಲ್ಲ ಕಾಗದಗಳು’ ಎಂದು ಬರೆದರೆ ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಉತ್ತರ ಬಂದಾಗ ತೆಗೆದಿಟ್ಟ ಕಾಗದಗಳ ಪಟ್ಟಿಯನ್ನೂ ಕೇಳಿ ಪಡೆಯಿರಿ.