ಹ್ಯಾಂಡಲ್ ಬೋಲ್ಟನ್ನು ಇನ್ನೆಷ್ಟು ಬಿಗಿಯುತ್ತೀರಿ?

‘ಹ್ಯಾಂಡಲ್ ನಡುಗುತ್ತಿದೆ, ಸ್ವಲ್ಪ ಟೈಟ್ ಮಾಡಿಕೊಡಿ’ ಎಂದು ಸಣ್ಣ ಬೈಕುಗಳ ಸವಾರರು ನಮ್ಮ ಗ್ಯಾರೇಜಿಗೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಬರುವ ಮೊದಲೇ ತಾವೂ ಒಂದು ಕೈ ನೋಡಿರುತ್ತಾರೆ. ಸ್ಪ್ಯಾನರ್‌ಗೆ ಪೈಪ್ ಸೇರಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದ ಗುರುತು ಬೋಲ್ಟಿನ ತಲೆಯ ಮೇಲೆ ಕಾಣುತ್ತದೆ. ಕೆಲವೊಮ್ಮೆ ಥ್ರೆಡ್ ಕೂಡ ಹೋಗಿರುತ್ತದೆ. ನಡುಕ ಮಾತ್ರ ಹೋಗಿರುವುದಿಲ್ಲ.

ದಯವಿಟ್ಟು ಇದೊಂದನ್ನು ಅರ್ಥ ಮಾಡಿಕೊಳ್ಳಿ: ಹ್ಯಾಂಡಲ್ ನಡುಗುತ್ತಿದೆ ಎಂದ ಮಾತ್ರಕ್ಕೆ ಅದು ಸಡಿಲವಾಗಿದೆ ಎಂದು ಅರ್ಥವಲ್ಲ. ಸಡಿಲವಾಗಿದ್ದರೆ ನಿಂತ ಗಾಡಿಯಲ್ಲೇ ತಿಳಿಯುತ್ತದೆ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಹ್ಯಾಂಡಲಿನ ಎರಡೂ ತುದಿಗಳನ್ನು ಕೆಳಕ್ಕೆ ಒತ್ತಿ, ಮೇಲಕ್ಕೆ ಎಳೆಯಿರಿ. ಕ್ಲಾಂಪಿನೊಳಗೆ, ಅಂದರೆ ಹ್ಯಾಂಡಲನ್ನು ನಡುವೆ ಹಿಡಿದಿರುವ ಹಿಡಿಕೆಯೊಳಗೆ, ಅದು ತಿರುಗದಿದ್ದರೆ ಆ ಬೋಲ್ಟುಗಳು ತಮ್ಮ ಕೆಲಸವನ್ನು ಮಾಡುತ್ತಿವೆ. ಕ್ಲಾಂಪಿನ ಅಡಿಯಲ್ಲಿ ರಬ್ಬರ್ ಬುಷ್ (ನಡುಕ ಹೀರುವ ರಬ್ಬರ್ ಬಳೆ) ಇರುವ ಗಾಡಿಗಳಲ್ಲಿ ತುಸು ಮಿಡಿತ ಇರುವುದು ಸಹಜ. ಬುಷ್ ಸೀಳಿದ್ದರೆ ಬದಲಿಸಬೇಕೇ ಹೊರತು ಅದನ್ನು ಹಿಂಡಿ ಗಟ್ಟಿ ಮಾಡಬಾರದು.

ಹ್ಯಾಂಡಲ್ ಕ್ಲಾಂಪಿಗೆ ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟುಗಳಿರುತ್ತವೆ. ಅವುಗಳ ಬಿಗಿತ 20ರಿಂದ 25 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸಿನಲ್ಲಿರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಅದಕ್ಕಿಂತ ಮುಂದೆ ತಿರುಗಿಸಿದರೆ ಹಿಡಿತ ಹೆಚ್ಚುವುದಿಲ್ಲ. ಬೋಲ್ಟ್ ಹಿಗ್ಗಿ ಹಾಳಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂನೊಳಗಿನ ಥ್ರೆಡ್ ಸುಲಿದು ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಮುಂದಿನ ಬೋಲ್ಟುಗಳನ್ನು ಮೊದಲು ಪೂರ್ತಿ ಬಿಗಿದು, ಹಿಂದೆ ಸಣ್ಣ ಸಂದು ಉಳಿಸಿಕೊಳ್ಳಬೇಕೆಂಬ ನಿಯಮವಿದೆ. ಆ ಸಂದನ್ನು ದೋಷವೆಂದು ಭಾವಿಸಿ ಬಲವಂತವಾಗಿ ಮುಚ್ಚಿದ ಕ್ಲಾಂಪುಗಳು ಬಿರುಕು ಬಿಟ್ಟು ಬಂದಿರುವುದನ್ನೂ ನೋಡಿದ್ದೇನೆ. ಹ್ಯಾಂಡಲನ್ನು ಹಿಡಿದಿರುವುದು ಇದೊಂದೇ ತುಂಡು ಎಂಬುದು ನೆನಪಿರಲಿ.

ಹಾಗಾದರೆ ನಡುಕ ಬರುವುದು ಎಲ್ಲಿಂದ? ಸಣ್ಣ ಬೈಕಿನಲ್ಲಿ ಸಾಮಾನ್ಯವಾಗಿ ಒಂದೇ ಸಿಲಿಂಡರ್. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ 100 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕಿನ ಮೇಲಿರುವ ಪ್ರತಿಭಾರ ಆ ಹೊಡೆತದಲ್ಲಿ ಒಂದು ಪಾಲನ್ನು ಮಾತ್ರ ತೂಗಿಸಬಲ್ಲದು. ಉಳಿದದ್ದು ಚಾಸಿಗೆ ಇಳಿದು, ಅಲ್ಲಿಂದ ಹ್ಯಾಂಡಲಿಗೆ ಏರುತ್ತದೆ. ಬ್ಯಾಲೆನ್ಸರ್ ಶಾಫ್ಟ್ (ಆ ಹೊಡೆತವನ್ನು ತೂಗಿಸಲು ತಿರುಗುವ ಭಾರದ ದಂಡ) ಇರುವ ಎಂಜಿನ್‌ಗಳಲ್ಲಿ ಇದು ಕಡಿಮೆ. ಇನ್ನು ಹ್ಯಾಂಡಲ್ ಎಂಬುದು ನಡುವೆ ಹಿಡಿದ ಉದ್ದನೆಯ ಕೊಳವೆ. ಅದಕ್ಕೆ ತನ್ನದೇ ಆದ ಒಂದು ಲಯವಿರುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಜೀಕು ಹೆಚ್ಚುವಂತೆ, ಎಂಜಿನ್ನಿನ ಹೊಡೆತ ಆ ಲಯಕ್ಕೆ ಕೂಡಿದಾಗ ಸಣ್ಣ ನಡುಕವೂ ದೊಡ್ಡದಾಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಕನ್ನಡಿ ಪೂರ್ತಿ ಮಸುಕಾಗಿ, ಅದನ್ನು ದಾಟುತ್ತಲೇ ತಿಳಿಯಾಗುವುದು ಈ ಕಾರಣಕ್ಕೆ. ಸರಿಯಾಗಿ ಕೂತ ಬೋಲ್ಟನ್ನು ಇನ್ನಷ್ಟು ಬಿಗಿಯುವುದರಿಂದ ಕೊಳವೆಯ ಲಯ ಬದಲಾಗುವುದಿಲ್ಲ. ತುದಿಯಲ್ಲಿ ತೂಕ ಸೇರಿಸಿದರೆ ಬದಲಾಗುತ್ತದೆ.

ಹ್ಯಾಂಡಲಿನ ತುದಿಯಲ್ಲಿರುವ ಉಕ್ಕಿನ ಬಾರ್ ಎಂಡ್ ಇರುವುದು ಇದಕ್ಕಾಗಿಯೇ. ತೂಕ ಹೆಚ್ಚಿದಂತೆ ಲಯ ನಿಧಾನವಾಗುತ್ತದೆ. ಅದನ್ನು ಅಲಂಕಾರವೆಂದು ತಿಳಿದು ಕಿತ್ತು, ಬಣ್ಣದ ಟೊಳ್ಳು ಅಲ್ಯೂಮಿನಿಯಂ ತುಂಡು ಹಾಕಿಸಿಕೊಂಡವರೇ ಮಾರನೆಯ ವಾರ ನಡುಕದ ದೂರು ತರುತ್ತಾರೆ. ನನಗೆ ನಿಜವಾಗಿಯೂ ಬೇಸರವಾಗುವುದು ಆಗ. ಹಾಗೆಂದು ಸಿಕ್ಕಷ್ಟು ತೂಕ ಹಾಕುವುದೂ ಸರಿಯಲ್ಲ. 5400 ಸುತ್ತಿನಲ್ಲಿದ್ದ ನಡುಕ ಇಳಿದು 4200ಕ್ಕೆ ಬಂದು ಕೂರಬಹುದು. ನೀವು ದಿನವೂ ಓಡಿಸುವ ವೇಗ ಅದೇ ಆಗಿದ್ದರೆ ಮೊದಲಿಗಿಂತ ಕಷ್ಟ. ಆದ್ದರಿಂದ ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ ನಡುಗುತ್ತದೆ ಎಂದು ಮೊದಲು ಗಮನಿಸಿಕೊಂಡು ಬನ್ನಿ.

ಇನ್ನೊಂದು ಪರೀಕ್ಷೆಯನ್ನು, ವಾಹನಗಳಿಲ್ಲದ ನೇರ ರಸ್ತೆಯಲ್ಲಿ ಮಾತ್ರ, ಮಾಡಬಹುದು. ನಡುಕವಿರುವ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿಯಿರಿ. ನಡುಕ ತಟ್ಟನೆ ನಿಂತರೆ ಮೂಲ ಎಂಜಿನ್ ಕಡೆಯದು. ಮುಂದುವರಿದರೆ ಚಕ್ರ, ಟೈರ್ ಅಥವಾ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗ್) ನೋಡಿಸಬೇಕು. ಇವೆರಡರ ಸ್ವಭಾವವೂ ಬೇರೆ. 60 ಕಿ.ಮೀ. ವೇಗದಲ್ಲಿ ಸಣ್ಣ ಬೈಕಿನ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ, ಹಾಗಾಗಿ ಚಕ್ರದ ದೋಷ ಕೈಯನ್ನು ಅಲ್ಲಾಡಿಸುತ್ತದೆ. ಎಂಜಿನ್ನಿನದು ಅಂಗೈಯಲ್ಲಿ ಝುಮ್ಮೆನ್ನುವ ಸಣ್ಣ ನಡುಕ.

ದಿನವಿಡೀ ಗಾಡಿಯ ಮೇಲಿದ್ದು ಸಾಮಾನು ತಲುಪಿಸುವ ಯುವಕನೊಬ್ಬ ಬಂದಿದ್ದ. ಸಂಜೆಯಾದರೆ ಕೈಗಳಿಗೆ ಜೋಮು ಹಿಡಿಯುತ್ತದೆ, ಅಂಗಿಯ ಗುಂಡಿ ಬಿಚ್ಚಲೂ ಬರುವುದಿಲ್ಲ ಎಂದ. ಹ್ಯಾಂಡಲಿಗೆ ದಪ್ಪ ಫೋಮ್ ಗ್ರಿಪ್ ಹಾಕಿಸಿದ್ದ. ದಪ್ಪ ಗ್ರಿಪ್ಪಿನ ಸುತ್ತ ಬೆರಳುಗಳು ಪೂರ್ತಿ ಸುತ್ತಿಕೊಳ್ಳುವುದಿಲ್ಲ, ಹಾಗಾಗಿ ಒತ್ತಿ ಹಿಡಿಯಬೇಕು. ಒತ್ತಿ ಹಿಡಿದಷ್ಟೂ ನಡುಕ ತೋಳಿಗೆ ಹೆಚ್ಚು ಇಳಿಯುತ್ತದೆ. ಬಗ್ಗಿ ನೋಡಿದರೆ ಎಂಜಿನ್ನಿನ ಮುಂದಿನ ಮೌಂಟಿಂಗ್ ಬೋಲ್ಟಿಗೆ ನಟ್ಟೇ ಇರಲಿಲ್ಲ. ಎಂಜಿನ್ನಿಗೆ ಅಡಿಯಿಂದ ಆಸರೆ ಕೊಟ್ಟು, ಮೌಂಟಿಂಗ್ ಬೋಲ್ಟುಗಳನ್ನೆಲ್ಲ ಸಡಿಲಿಸಿ, ಅದು ಎಳೆತವಿಲ್ಲದೆ ತನ್ನ ಜಾಗದಲ್ಲಿ ಕೂತ ಮೇಲೆ ಹೊಸ ನಟ್ ಹಾಕಿ ಎಲ್ಲವನ್ನೂ ಅಳತೆಗೆ ಬಿಗಿದೆವು. ಹ್ಯಾಂಡಲನ್ನು ಮುಟ್ಟಲೇ ಇಲ್ಲ. ಎಲ್ಲ ಗಾಡಿಗಳಲ್ಲೂ ಉತ್ತರ ಇಷ್ಟು ಸುಲಭವಾಗಿ ಸಿಗುತ್ತದೆ ಎಂದು ಹೇಳಲಾರೆ. ಸವೆದ ಬುಷ್, ಸೈಲೆನ್ಸರಿನ ಬೋಲ್ಟ್, ಕೆಲವೊಮ್ಮೆ ಎಂಜಿನ್ನಿನ ಒಳಗಿನ ಬೇರಿಂಗ್ ಕೂಡ ಕಾರಣವಾಗಿರಬಹುದು. ಗಾಡಿಯಿಂದ ಇಳಿದ ಬಹಳ ಹೊತ್ತಿನ ಮೇಲೂ ಜೋಮು ಉಳಿದರೆ ಮೆಕ್ಯಾನಿಕ್‌ಗಿಂತ ಮೊದಲು ವೈದ್ಯರ ಬಳಿ ಹೋಗಿ. ಆ ಹುಡುಗನಿಗೂ ಹಾಗೆಯೇ ಹೇಳಿ ಕಳುಹಿಸಿದೆ.

ಗ್ರಿಪ್, ಬಾರ್ ಎಂಡ್ ಮನೆಯಲ್ಲೇ ಬದಲಿಸುವವರು ಬಲಗಡೆಯ ತುದಿಯನ್ನು ವಿಶೇಷವಾಗಿ ಗಮನಿಸಬೇಕು. ಬಾರ್ ಎಂಡಿಗೂ ತಿರುಗುವ ಗ್ರಿಪ್ಪಿಗೂ ನಡುವೆ ಒಂದೆರಡು ಮಿ.ಮೀ. ಸಂದು ಇರಲೇಬೇಕು, ತಾಗಿದರೆ ಆಕ್ಸಿಲರೇಟರ್ ತಿರುಗಿಸಿದಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ವಿಚ್ ಪೆಟ್ಟಿಗೆಯ ಒಳಗಿನ ಸಣ್ಣ ಗೂಟ ಹ್ಯಾಂಡಲಿನ ರಂಧ್ರದಲ್ಲಿ ಕೂತಿದೆಯೇ ನೋಡಿಕೊಂಡು ಸ್ಕ್ರೂ ಹಾಕಿ. ಮುಗಿದ ಮೇಲೆ ಎಂಜಿನ್ ಬಂದ್ ಇರುವಾಗ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಕೈ ಬಿಡಿ, ಅದು ತಾನಾಗಿ ಚಟ್ಟನೆ ಹಿಂದಿರುಗಬೇಕು. ಆಮೇಲೆ ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲು ಮಾಡಿ, ಹ್ಯಾಂಡಲನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ. ಎಂಜಿನ್ನಿನ ಸದ್ದು ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ. ಅದನ್ನು ಸರಿಪಡಿಸುವವರೆಗೆ ಗಾಡಿ ರಸ್ತೆಗೆ ಇಳಿಸಬೇಡಿ.